ಮಾನಿಟರ್‌ನ ಆಯಸ್ಸು ಬ್ರೈಟ್‌ನೆಸ್ ಬಟನ್‌ನಲ್ಲಿದೆ

ಹೊಸ ಮಾನಿಟರ್ ತಂದು, ಕೇಬಲ್ ಸಿಕ್ಕಿಸಿ, ಆನ್ ಮಾಡಿದ ಮೇಲೆ ಅದರ ಬ್ರೈಟ್‌ನೆಸ್ ಎಷ್ಟಿದೆ ಅಂತ ನೋಡೋರು ಬಹಳ ಕಡಿಮೆ. ಕಾರ್ಖಾನೆಯಿಂದ ಬರುವಾಗಲೇ 75, 80, ಕೆಲವು ಸಲ ಪೂರ್ತಿ 100ಕ್ಕೆ ಇಟ್ಟಿರ್ತಾರೆ. ಅಂಗಡಿಯ ದೀಪಗಳ ನಡುವೆ ಎದ್ದು ಕಾಣಲಿ ಅನ್ನೋ ಲೆಕ್ಕ ಅದು. ಅದೇ ಲೆಕ್ಕದಲ್ಲಿ ನಾವು ಮನೆಯೊಳಗೆ ವರ್ಷಗಟ್ಟಲೆ ಓಡಿಸ್ತೀವಿ. ಮಾನಿಟರ್ ಬೇಗ ಸಾಯೋದಕ್ಕೆ ಇದಕ್ಕಿಂತ ದೊಡ್ಡ ಕಾರಣ ಇಲ್ಲ ಅಂತಲೇ ನನ್ನ ಅಭಿಪ್ರಾಯ.

ಯಾಕೆ ಅಂತ ಹೇಳ್ತೀನಿ. ಎಲ್‌ಸಿಡಿ ಪರದೆಗೆ ಸ್ವಂತ ಬೆಳಕಿಲ್ಲ. ಹಿಂದೆ ಅಥವಾ ಅಂಚಿನಲ್ಲಿ ಎಲ್‌ಇಡಿ ಸಾಲು ಇರುತ್ತೆ, ಅದೇ ಬ್ಯಾಕ್‌ಲೈಟ್. ಅದರ ಆಯಸ್ಸನ್ನ ಸಾಮಾನ್ಯವಾಗಿ 30,000 ಗಂಟೆ ಅಂತ ಹೇಳ್ತಾರೆ. ಅಷ್ಟು ಹೊತ್ತಿಗೆ ಬೆಳಕು ಅರ್ಧಕ್ಕೆ ಇಳಿಯುತ್ತೆ ಅಂತ ಅರ್ಥ. ದಿನಕ್ಕೆ 8 ಗಂಟೆ ಅಂದ್ರೆ ಹತ್ತು ವರ್ಷದ ಮೇಲಾಯ್ತು, 16 ಗಂಟೆ ಅಂದ್ರೆ ಐದೇ ವರ್ಷ. ಬ್ರೈಟ್‌ನೆಸ್ ತಗ್ಗಿಸಿದ್ರೆ ಎಲ್‌ಇಡಿ ಮೇಲಿನ ಹೊರೆ ಇಳಿಯುತ್ತೆ, ಬಿಸಿ ಇಳಿಯುತ್ತೆ, ಆಯಸ್ಸು ಬೆಳೆಯುತ್ತೆ.

ಎಷ್ಟಿರಬೇಕು? ಸಾಮಾನ್ಯ ಮಾನಿಟರ್ ಪೂರ್ತಿ ಏರಿಸಿದಾಗ 250ರಿಂದ 350 ನಿಟ್ಸ್ (ಪರದೆಯ ಬೆಳಕಿನ ಅಳತೆ) ಬೆಳಕು ಕೊಡುತ್ತೆ. ಮಾಮೂಲಿ ಬೆಳಕಿರೋ ಕೋಣೆಗೆ 100ರಿಂದ 150 ಸಾಕು. ಅಳೆಯೋ ಉಪಕರಣ ಬೇಡ. ಪರದೆ ತುಂಬ ಖಾಲಿ ಬಿಳಿ ಪುಟ ತೆರೀರಿ, ಪಕ್ಕದಲ್ಲಿ ಒಂದು ಬಿಳಿ ಹಾಳೆ ಹಿಡೀರಿ. ಪರದೆ ದೀಪದ ಹಾಗೆ ಹೊಳೀತಿದ್ರೆ ಇಳಿಸಿ, ಹಾಳೆಗಿಂತ ಮಂಕಾಗಿ ಬೂದುಬಣ್ಣ ಕಂಡ್ರೆ ಸ್ವಲ್ಪ ಏರಿಸಿ. ಬಹಳಷ್ಟು ಮಾನಿಟರ್‌ಗಳಲ್ಲಿ ಮೆನುವಿನ ಬ್ರೈಟ್‌ನೆಸ್ ಅಂಕಿ 20ರಿಂದ 40ರ ನಡುವೆ ಬಂದು ನಿಲ್ಲುತ್ತೆ. ಮೊದಲೆರಡು ದಿನ ಕತ್ತಲು ಅನ್ನಿಸುತ್ತೆ, ಆಮೇಲೆ ಕಣ್ಣೇ ಹೊಂದಿಕೊಳ್ಳುತ್ತೆ. ಕಾಂಟ್ರಾಸ್ಟ್ ಮಾತ್ರ ಇದ್ದ ಹಾಗೇ ಇರಲಿ.

ಇಲ್ಲಿ ಒಂದು ಎಡವಟ್ಟು ಆಗುತ್ತೆ. ಕಂಪ್ಯೂಟರ್‌ನ ಗ್ರಾಫಿಕ್ಸ್ ಡ್ರೈವರ್ ಸಾಫ್ಟ್‌ವೇರ್‌ನಲ್ಲೂ ಒಂದು ಬ್ರೈಟ್‌ನೆಸ್ ಪಟ್ಟಿ ಇರುತ್ತೆ. ಅದನ್ನ ಎಳೆದ್ರೆ ಚಿತ್ರ ಮಾತ್ರ ಕಪ್ಪಾಗುತ್ತೆ, ಹಿಂದಿನ ಬ್ಯಾಕ್‌ಲೈಟ್ ಮೊದಲಿನಷ್ಟೇ ಉರೀತಾ ಇರುತ್ತೆ. ಎಲ್‌ಸಿಡಿಯಲ್ಲಿ ಕಪ್ಪು ವಾಲ್‌ಪೇಪರ್ ಹಾಕೋದೂ ಇದೇ ಕಥೆ. ಇಳಿಸಬೇಕಾದ್ದು ಮಾನಿಟರ್‌ನ ಸ್ವಂತ ಮೆನುವಿನಲ್ಲಿ. ಪದೇ ಪದೇ ಬಟನ್ ಒತ್ತೋದು ಬೇಜಾರು ಅಂದ್ರೆ ವಿಂಡೋಸ್‌ಗೆ ಟ್ವಿಂಕಲ್ ಟ್ರೇ, ಮ್ಯಾಕ್‌ಗೆ ಮಾನಿಟರ್‌ಕಂಟ್ರೋಲ್, ಲಿನಕ್ಸ್‌ಗೆ ಡಿಡಿಸಿಯುಟಿಲ್ ಅನ್ನೋ ಸಾಫ್ಟ್‌ವೇರ್‌ಗಳಿವೆ. ಇವು ಕೇಬಲ್ ಮೂಲಕವೇ ಮಾನಿಟರ್‌ಗೆ ಆಜ್ಞೆ ಕಳಿಸಿ ಬ್ಯಾಕ್‌ಲೈಟನ್ನೇ ತಗ್ಗಿಸ್ತವೆ. ಮಾನಿಟರ್ ಮೆನುವಿನಲ್ಲಿ ಡಿಡಿಸಿ ಸಿಐ (DDC/CI) ಅನ್ನೋದು ಆನ್ ಇರಬೇಕು, ಅಷ್ಟೆ.

ಸ್ಕ್ರೀನ್‌ಸೇವರ್ ಬಗ್ಗೆಯೂ ಖಡಾಖಂಡಿತವಾಗಿ ಹೇಳಿಬಿಡ್ತೀನಿ: ಎಲ್‌ಸಿಡಿಗೆ ಅದು ಏನನ್ನೂ ಉಳಿಸಲ್ಲ. ಮೀನು ಈಜಾಡ್ತಾ ಇರೋವಾಗಲೂ ಬ್ಯಾಕ್‌ಲೈಟ್ ಉರೀತಾನೇ ಇರುತ್ತೆ. ಪವರ್ ಸೆಟಿಂಗ್‌ನಲ್ಲಿ 5 ಅಥವಾ 10 ನಿಮಿಷಕ್ಕೆ ಪರದೆ ತಾನಾಗಿ ಆಫ್ ಆಗೋ ಹಾಗೆ ಇಡಿ.

ಓಎಲ್‌ಇಡಿ ಮಾನಿಟರ್ ಇರೋರಿಗೆ ಲೆಕ್ಕ ಬೇರೆ. ಅಲ್ಲಿ ಪ್ರತಿ ಪಿಕ್ಸೆಲ್ಲೂ ತಾನೇ ಬೆಳಗಿ ತಾನೇ ಸವೆಯುತ್ತೆ. ಟಾಸ್ಕ್‌ಬಾರ್ ಒಂದೇ ಜಾಗದಲ್ಲಿ ಕೂತ್ರೆ ಅಲ್ಲಿ ಅಚ್ಚು ಬೀಳುತ್ತೆ. ಹಾಗಾಗಿ ಟಾಸ್ಕ್‌ಬಾರ್ ಮರೆಮಾಡಿ, ಡಾರ್ಕ್ ಮೋಡ್ ಹಾಕಿ, ಕಪ್ಪು ವಾಲ್‌ಪೇಪರ್ ಇಡಿ. ಇಲ್ಲಿ ಅದು ನಿಜವಾಗಿಯೂ ಕೆಲಸಕ್ಕೆ ಬರುತ್ತೆ. ರಾತ್ರಿ ಗೋಡೆ ಸ್ವಿಚ್ ಆಫ್ ಮಾಡೋ ಒಳ್ಳೇ ಅಭ್ಯಾಸ ಮಾತ್ರ ಇದಕ್ಕೆ ಬೇಡ. ಹಲವು ಮಾದರಿಗಳು ಒಟ್ಟು 4 ಗಂಟೆಯಷ್ಟು ಬಳಸಿದ ಮೇಲೆ, ಸ್ಟ್ಯಾಂಡ್‌ಬೈಗೆ ಹೋದಾಗ, ಕೆಲವು ನಿಮಿಷ ಪಿಕ್ಸೆಲ್‌ಗಳ ಸವೆತ ಸರಿದೂಗಿಸಿಕೊಳ್ತವೆ. ಕರೆಂಟೇ ಇಲ್ಲದಿದ್ರೆ ಆ ಕೆಲಸ ನಡೆಯಲ್ಲ.

ಈಗ ಒರೆಸೋ ವಿಷಯ. ಇದರಲ್ಲಿ ಪ್ರೀತಿಯಿಂದಲೇ ಮಾನಿಟರ್ ಹಾಳುಮಾಡೋರು ಜಾಸ್ತಿ. ಆಫ್ ಮಾಡಿ, ಪ್ಲಗ್ ತೆಗೆದು, ತಣ್ಣಗಾಗೋಕೆ ಬಿಡಿ. ಒಣ ಮೈಕ್ರೋಫೈಬರ್ ಬಟ್ಟೆಯಲ್ಲಿ ಮೊದಲು ಧೂಳು ತೆಗೀರಿ, ಇಲ್ಲದಿದ್ರೆ ಅದೇ ಧೂಳು ಪರದೆಯನ್ನ ಗೀಚುತ್ತೆ. ಕಲೆ ಉಳಿದ್ರೆ ಡಿಸ್ಟಿಲ್ಡ್ ನೀರು ಸಾಕು. ನಲ್ಲಿ ನೀರು ಒಣಗಿದ ಮೇಲೆ ಉಪ್ಪಿನ ಚುಕ್ಕೆ ಬಿಡುತ್ತೆ. ಅಂಟಿದ ಕಲೆಯ ಮೇಲೆ ಒದ್ದೆ ಬಟ್ಟೆಯನ್ನ ಅರ್ಧ ನಿಮಿಷ ಹಾಗೇ ಇಡಿ, ಉಗುರು ಹಾಕಬೇಡಿ, ಒತ್ತಿ ಉಜ್ಜಬೇಡಿ. ಕಿಟಕಿ ಗಾಜಿನ ಕ್ಲೀನರ್‌ನಲ್ಲಿರೋ ಅಮೋನಿಯಾ, ನೇಲ್ ಪಾಲಿಶ್ ತೆಗೆಯೋ ಅಸಿಟೋನ್, ಇವು ಹತ್ತಿರಕ್ಕೂ ಬರಬಾರದು. ಮ್ಯಾಟ್ ಪರದೆಯ ಮೇಲ್ಪದರ ಗಾಜಲ್ಲ, ಪ್ಲಾಸ್ಟಿಕ್ ಹಾಳೆ. ಒಮ್ಮೆ ಮಬ್ಬಾದ್ರೆ ಅದು ಮತ್ತೆ ಸರಿಹೋಗಲ್ಲ.

ನೀರನ್ನ ಬಟ್ಟೆಗೆ ಹಾಕಿ, ಪರದೆಗೆ ಸಿಂಪಡಿಸಬೇಡಿ. ಒಂದು ಹನಿ ಜಾರಿ ಕೆಳಗಿನ ಚೌಕಟ್ಟಿನ ಸಂದಿಗೆ ಇಳೀತು ಅಂದ್ಕೊಳ್ಳಿ. ಆ ಅಂಚಿನ ಒಳಗೆ ತೆಳುವಾದ ಫಿಲ್ಮ್ ಪಟ್ಟಿಗಳಿರ್ತವೆ, ಅವುಗಳ ಮೇಲೆ ಪುಟ್ಟ ಚಿಪ್‌ಗಳು. ಪರದೆಯ ಪ್ರತಿ ಕಂಬಸಾಲಿಗೂ ಸಿಗ್ನಲ್ ಹೋಗೋದು ಅಲ್ಲಿಂದ. ತೇವ ತಗುಲಿ ಅಲ್ಲಿ ತುಕ್ಕು ಹತ್ತಿದ್ರೆ ಮೇಲಿಂದ ಕೆಳಗಿನವರೆಗೆ ಬಣ್ಣದ ಗೆರೆ ಬೀಳುತ್ತೆ. ಆ ಪಟ್ಟಿಗಳನ್ನ ಶಾಖ ಕೊಟ್ಟು ಒತ್ತಿ ಗಾಜಿಗೆ ಅಂಟಿಸಿರ್ತಾರೆ, ಬೆಸುಗೆ ಕಡ್ಡಿ ಹಿಡಿದು ಸರಿ ಮಾಡೋ ಕೆಲಸ ಅಲ್ಲ.

ಇನ್ನು ಬಿಸಿ. ಮಾನಿಟರ್ ಒಳಗೆ ಕರೆಂಟ್ ಹಂಚೋ ಪವರ್ ಬೋರ್ಡ್ ಮೇಲೆ ಎಲೆಕ್ಟ್ರೋಲಿಟಿಕ್ ಕೆಪಾಸಿಟರ್‌ಗಳಿರ್ತವೆ, ಅಂದ್ರೆ ಕರೆಂಟನ್ನ ಹಿಡಿದಿಟ್ಟು ಸಮ ಮಾಡೋ ಪುಟ್ಟ ಡಬ್ಬಿಗಳು. ಒಳಗಿನ ದ್ರವ ಬಿಸಿಗೆ ನಿಧಾನವಾಗಿ ಆರುತ್ತೆ. 10 ಡಿಗ್ರಿ ಸೆಲ್ಸಿಯಸ್ ಕಡಿಮೆಯಾದ್ರೆ ಆಯಸ್ಸು ಸುಮಾರು ಎರಡು ಪಟ್ಟು ಅನ್ನೋದು ಈ ಕಸುಬಿನವರ ಅಂದಾಜು. ಕೆಪಾಸಿಟರ್‌ನ ವಿವರದಲ್ಲಿ 105 ಡಿಗ್ರಿ, 2000 ಗಂಟೆ ಅಂತ ಇದ್ರೆ, 75 ಡಿಗ್ರಿಯಲ್ಲಿ ಅದು 16,000 ಗಂಟೆ ಬಾಳುತ್ತೆ, 65ರಲ್ಲಿ 32,000. ಮಾನಿಟರ್ ಬೆನ್ನನ್ನ ಗೋಡೆಗೆ ಒತ್ತಿ ಇಡೋದು, ಗಾಳಿ ಕಿಂಡಿಗಳ ಮೇಲೆ ಬಟ್ಟೆ ಹೊದಿಸೋದು, ಬಿಸಿಲು ಬೀಳೋ ಕಡೆ ಕೂರಿಸೋದು, ಎಲ್ಲ ಸೇರಿ ಕಸಿಯೋದು ಆ 10 ಡಿಗ್ರಿಯನ್ನೇ. ಹಿಂದೆ ಒಂದು ಗೇಣು ಜಾಗ ಬಿಡಿ. ಕಿಂಡಿಯ ಧೂಳನ್ನ ಆಗಾಗ ಮೆತ್ತನೆ ಬ್ರಷ್‌ನಿಂದ ತೆಗೀರಿ. ಮಾನಿಟರನ್ನ ಗೋಡೆಗೆ ಅಥವಾ ಮಾನಿಟರ್ ಆರ್ಮ್‌ಗೆ ಬಿಗಿಯೋರು ಸ್ಕ್ರೂ ಉದ್ದ ನೋಡ್ಕೊಳ್ಳಿ: ಬೆನ್ನಲ್ಲಿ 100 ಮಿಲಿಮೀಟರ್ ಚೌಕದ ಮೂಲೆಗಳಲ್ಲಿರೋ ತೂತುಗಳಿಗೆ ಎಂ4 ಸ್ಕ್ರೂ ಬೇಕು, ಉದ್ದ ಸಾಮಾನ್ಯವಾಗಿ 10 ಮಿಲಿಮೀಟರ್. ತೀರಾ ಉದ್ದದ್ದು ಹಾಕಿದ್ರೆ ತುದಿ ಒಳಗಿನ ಬೋರ್ಡಿಗೇ ತಾಗಬಹುದು.

ಕೆಪಾಸಿಟರ್ ಸೋತ ಮಾನಿಟರ್ ಮುಂಚೆಯೇ ಹೇಳುತ್ತೆ. ಆನ್ ಆಗೋಕೆ ತಡ, ಎರಡು ಮೂರು ಸಲ ಬಟನ್ ಒತ್ತಬೇಕು, ಪವರ್ ದೀಪ ಮಿಣಕ್ ಮಿಣಕ್ ಅನ್ನುತ್ತೆ, ಒಳಗೆ ಟಿಕ್ ಟಿಕ್ ಸದ್ದು. ಇದನ್ನ ನೋಡಿ ಮಾನಿಟರ್ ಹೋಯ್ತು ಅಂತ ತೀರ್ಮಾನಿಸೋರನ್ನ ಕಂಡ್ರೆ ನನಗೆ ನಿಜಕ್ಕೂ ಸಂಕಟ, ಯಾಕಂದ್ರೆ ಬಹಳ ಸಲ ಪ್ಯಾನೆಲ್, ಅಂದ್ರೆ ಚಿತ್ರ ಮೂಡೋ ಪರದೆ, ಗಟ್ಟಿಯಾಗೇ ಇರುತ್ತೆ. ಹೊರಗಡೆ ಅಡಾಪ್ಟರ್ ಇರೋ ಮಾದರಿಯಾದ್ರೆ ಮೊದಲು ಅದನ್ನೇ ಬದಲಿಸಿ ನೋಡಿ: ವೋಲ್ಟ್ ಅಷ್ಟೇ ಇರಬೇಕು, ಆಂಪಿಯರ್ ಅಷ್ಟೇ ಅಥವಾ ಹೆಚ್ಚು, ಪಿನ್‌ನ ಪ್ಲಸ್ ಮೈನಸ್ ಗುರುತು ಒಂದೇ. ಪವರ್ ಬೋರ್ಡ್ ಒಳಗಿರೋ ಮಾನಿಟರನ್ನ ಮಾತ್ರ ನೀವೇ ಬಿಚ್ಚೋಕೆ ಹೋಗಬೇಡಿ. ಅದರಲ್ಲಿ 400 ಅಥವಾ 450 ವೋಲ್ಟ್‌ನ ದೊಡ್ಡ ಕೆಪಾಸಿಟರ್ ಇರುತ್ತೆ, ಪ್ಲಗ್ ತೆಗೆದ ಮೇಲೂ ಷಾಕ್ ಹೊಡೀಬಹುದು. ರಿಪೇರಿಯವರಿಗೆ ಕೊಟ್ಟಾಗ ತಲೆ ಉಬ್ಬಿದ ಕೆಪಾಸಿಟರ್ ಇದೆಯಾ ನೋಡಿ ಅಂತ ಹೇಳಿ. ಬದಲಿಗೆ ಹಾಕೋದಕ್ಕೆ ಅಷ್ಟೇ ಮೈಕ್ರೋಫ್ಯಾರಡ್, ಅಷ್ಟೇ ಅಥವಾ ಹೆಚ್ಚಿನ ವೋಲ್ಟ್, 105 ಡಿಗ್ರಿಯದ್ದೇ ಬೇಕು.

ಪವರ್ ದೀಪ ಉರಿದು ಪರದೆ ಮಾತ್ರ ಕಪ್ಪಗಿದ್ರೆ, ಕೋಣೆ ಕತ್ತಲು ಮಾಡಿ ಟಾರ್ಚನ್ನ ಓರೆಯಾಗಿ ಪರದೆಗೆ ಹಿಡೀರಿ. ಮಸುಕಾಗಿ ಚಿತ್ರ ಕಂಡ್ರೆ ಪ್ಯಾನೆಲ್ ಬದುಕಿದೆ, ಹೋಗಿರೋದು ಬ್ಯಾಕ್‌ಲೈಟ್ ಅಥವಾ ಅದಕ್ಕೆ ಕರೆಂಟ್ ಕೊಡೋ ಭಾಗ. ಅದನ್ನ ರಿಪೇರಿ ಮಾಡಿಸಬಹುದು. ಗಾಜು ಒಡೆದು ಮಸಿ ಹರಡಿದ ಹಾಗೆ ಕಾಣ್ತಿದ್ರೆ ಮಾತ್ರ ಹೊಸ ಮಾನಿಟರ್ ನೋಡಿ, ಪ್ಯಾನೆಲ್ ಒಂದರ ಬೆಲೆಯೇ ಹೊಸದರ ಹತ್ತಿರ ಬಂದುಬಿಡುತ್ತೆ.