ಮೊದಲು ಗೂಡು, ಆಮೇಲೆ ಕೋಳಿ

ನಮಸ್ಕಾರ, ಕೇಳುಗರೇ.

ಹಿತ್ತಲಲ್ಲಿ ಒಂದಷ್ಟು ಕೋಳಿ ಸಾಕೋಣ ಅಂತ ಆಸೆ ಇಟ್ಟುಕೊಂಡವರಿಗಾಗಿ ಇವತ್ತಿನ ಮಾತು. ಮನೆಯ ಮೊಟ್ಟೆ ಸಿಗುತ್ತದೆ. ಸೊಪ್ಪಿನ ಕಡ್ಡಿ, ಉಳಿದ ಅನ್ನ ದಂಡ ಆಗುವುದಿಲ್ಲ. ಮಕ್ಕಳಿಗೂ ಖುಷಿ. ಆಸೆ ಒಳ್ಳೆಯದೇ. ಆದರೆ ಬಹಳ ಮನೆಗಳಲ್ಲಿ ಏನಾಗುತ್ತದೆ ಗೊತ್ತಾ? ಸಂತೆಗೆ ಹೋದಾಗ ಚೆಂದದ ಹೇಂಟೆಗಳು ಕಣ್ಣಿಗೆ ಬೀಳುತ್ತವೆ. ಕಾಲು ಕಟ್ಟಿಸಿಕೊಂಡು ತಂದುಬಿಡುತ್ತಾರೆ. ಸಂಜೆ ಆದ ಮೇಲೆ, ಇವನ್ನ ಎಲ್ಲಿ ಬಿಡೋದು ಅಂತ ಹುಡುಕಾಟ ಶುರು. ಸದ್ಯಕ್ಕೆ ಇರಲಿ ಅಂತ ಮಂಕರಿ ಕವುಚಿ ಮೇಲೊಂದು ಕಲ್ಲು ಇಡುತ್ತಾರೆ. ಒಂದು ವಾರ ಹಾಗೇ ನಡೆಯುತ್ತದೆ. ಆಮೇಲೊಂದು ಬೆಳಗ್ಗೆ ಎದ್ದು ನೋಡಿದರೆ ಬರೀ ಪುಕ್ಕ.

ಅದಕ್ಕೇ ಮೊದಲೇ ಹೇಳುತ್ತೇನೆ. ಕೋಳಿಗೆ ದುಡ್ಡು ಎತ್ತಿಡುವ ಮೊದಲು ಗೂಡಿಗೆ ಎತ್ತಿಡಿ. ಗೂಡು ಪೂರ್ತಿ ಆಗುವವರೆಗೆ ಸಂತೆಯ ಕಡೆ ಹೋಗಬೇಡಿ.

ಗೂಡು ಬೇಕಾಗುವುದು ಮುಖ್ಯವಾಗಿ ರಾತ್ರಿಗೆ. ಹಗಲು ಕೋಳಿ ತನ್ನ ಪಾಡಿಗೆ ತಾನು ಕೆದಕಿಕೊಂಡು ಓಡಾಡುತ್ತದೆ, ಅಪಾಯ ಕಂಡರೆ ಕೂಗುತ್ತದೆ, ಹಾರುತ್ತದೆ, ಪೊದೆಗೆ ನುಗ್ಗುತ್ತದೆ. ಕತ್ತಲಾದ ಮೇಲೆ ಅದಕ್ಕೆ ಕಣ್ಣು ಕಾಣುವುದು ತೀರಾ ಕಡಿಮೆ. ಕೂತಲ್ಲೇ ಕೂತಿರುತ್ತದೆ. ಹತ್ತಿರ ಯಾರು ಬಂದರೂ ಎದ್ದು ಓಡುವುದಿಲ್ಲ. ಕಾಡುಬೆಕ್ಕು, ಪುನುಗು ಬೆಕ್ಕು, ಬೀದಿನಾಯಿ, ಹೆಗ್ಗಣ, ಹಾವು, ಎಲ್ಲಕ್ಕೂ ಇದೇ ಅನುಕೂಲ. ಮುಂಗುಸಿ ಮಾತ್ರ ಹಗಲು ಹೊತ್ತಿನ ಕಳ್ಳ. ಅದು ಮರಿಗಳಿಗೂ ಮೊಟ್ಟೆಗಳಿಗೂ ಹೊಂಚು ಹಾಕುತ್ತದೆ.

ಹತ್ತು ಹೇಂಟೆಗಳ ಲೆಕ್ಕ ಇಟ್ಟುಕೊಳ್ಳೋಣ. ರಾತ್ರಿ ಮಲಗುವುದಕ್ಕೆ ಒಂದು ಕೋಳಿಗೆ 2 ಚದರ ಅಡಿ ಸಿಕ್ಕರೆ ಆರಾಮ. ಅಂದರೆ 5 ಅಡಿ ಉದ್ದ, 4 ಅಡಿ ಅಗಲದ ಗೂಡು ಸಾಕು. ಹಗಲು ಹೊರಗೆ ಬಿಡುವವರಿಗೆ ಈ ಅಳತೆ. ಬಿಡಲು ಜಾಗವೇ ಇಲ್ಲ, ಇಡೀ ದಿನ ಬಲೆಯೊಳಗೇ ಇರಬೇಕು ಅನ್ನುವವರು ಗೂಡಿನ ಮುಂದೆ ಇನ್ನೊಂದು ಅಂಗಳ ಕಟ್ಟಬೇಕು. ಅಲ್ಲಿ ಒಂದೊಂದಕ್ಕೂ 8ರಿಂದ 10 ಚದರ ಅಡಿ ಬಿಡಿ. ಇಕ್ಕಟ್ಟಾದರೆ ಒಂದರ ಪುಕ್ಕ ಇನ್ನೊಂದು ಕೀಳುತ್ತದೆ. ರಕ್ತ ಕಂಡರಂತೂ ಎಲ್ಲವೂ ಸೇರಿ ಅದನ್ನೇ ಕುಕ್ಕುತ್ತವೆ.

ಗೂಡನ್ನು ನೆಲದ ಮೇಲೆ ಇಡಬೇಡಿ. ಕಾಲು ಕೊಟ್ಟು ಎರಡು, ಎರಡೂವರೆ ಅಡಿ ಎತ್ತರಿಸಿ. ಮಲೆನಾಡು, ಕರಾವಳಿಯಲ್ಲಿ ಅಡಿಕೆ ದಬ್ಬೆ, ಅಂದರೆ ಅಡಿಕೆ ಮರದ ಸೀಳು, ಧಾರಾಳವಾಗಿ ಸಿಗುತ್ತದೆ. ಗೂಡಿನ ತಳಕ್ಕೆ ಅದಕ್ಕಿಂತ ಒಳ್ಳೆಯ ಸಾಮಾನು ಇಲ್ಲ. ದಬ್ಬೆ ದಬ್ಬೆಯ ನಡುವೆ ಒಂದು ಬೆರಳು ಹೋಗುವಷ್ಟು ಸಂದಿ ಬಿಟ್ಟರೆ ಹಿಕ್ಕೆ ಕೆಳಗೆ ಬೀಳುತ್ತದೆ, ಗೂಡು ಒಣಗಿರುತ್ತದೆ. ಬಯಲುಸೀಮೆಯಲ್ಲಿ ಬಿದಿರು, ಸರವೆ ಮರ ನಡೆಯುತ್ತದೆ. ಕಾಲುಗಳ ಸುತ್ತ ನಯವಾದ ತಗಡು ಸುತ್ತಿದರೆ ಇಲಿ ಹತ್ತಲಾರದು. ಇರುವೆಯನ್ನೂ ಮರೆಯಬೇಡಿ. ಆಗಷ್ಟೇ ಒಡೆದು ಬಂದ ಮರಿಗಳನ್ನು ಕಟ್ಟಿರುವೆ ಮುತ್ತಿದರೆ ಉಳಿಯುವುದು ಕಷ್ಟ. ಕಾವಿಗೆ ಕೂರಿಸಿದ ದಿನಗಳಲ್ಲಿ ಗೂಡಿನ ಕಾಲುಗಳನ್ನು ನೀರು ತುಂಬಿದ ಡಬ್ಬಿಗಳಲ್ಲಿ ನಿಲ್ಲಿಸಿ.

ಈಗ ಜಾಲರಿ. ಇಲ್ಲಿ ಕೈಬಿಗಿ ಹಿಡಿಯಬೇಡಿ ಅಂತ ಕೇಳಿಕೊಳ್ಳುತ್ತೇನೆ. ಅಂಗಡಿಯಲ್ಲಿ ಚಿಕನ್ ಮೆಶ್ ಅಂತ ಆರು ಮೂಲೆಯ ಕಣ್ಣಿನ ತೆಳು ಬಲೆ ಕೊಡುತ್ತಾರೆ. ಕೋಳಿ ಆಚೆ ಹೋಗದಂತೆ ತಡೆಯಲು ಅದು ಸಾಕು. ನಾಯಿ ಒಳಗೆ ಬಾರದಂತೆ ತಡೆಯಲು ಸಾಲದು, ಹಲ್ಲು ಹಾಕಿ ಎಳೆದರೆ ಹರಿಯುತ್ತದೆ. ರಾತ್ರಿ ಗೂಡಿಗೆ ಅರ್ಧ ಇಂಚು ಕಣ್ಣಿನ ವೆಲ್ಡ್ ಮೆಶ್ಶೇ, ಅಂದರೆ ಬೆಸುಗೆ ಹಾಕಿದ ಗಟ್ಟಿ ತಂತಿಯ ಜಾಲರಿಯೇ ಆಗಬೇಕು. ದೊಡ್ಡ ಹಾವು ಅದರೊಳಗೆ ನುಸುಳಲಾರದು. ಬರೀ ಮೊಳೆ ಬಗ್ಗಿಸಿ ಮೆಶ್ ಸಿಕ್ಕಿಸಬೇಡಿ. ಅಂಚಿನ ಮೇಲೆ ಒಂದು ರೀಪು ಇಟ್ಟು ಸ್ಕ್ರೂ ಹಾಕಿಸಿ. ಅಂಗಳದ ಬಲೆಯನ್ನು ಒಂದಡಿ ಮಣ್ಣೊಳಗೆ ಹೂತರೆ ನಾಯಿ ಕೆದಕಿದರೂ ದಾರಿ ಸಿಗುವುದಿಲ್ಲ.

ಕೆಲಸ ಮುಗಿದ ಮೇಲೆ ಒಂದು ಸಲ ಪರೀಕ್ಷೆ ಮಾಡಿ ನೋಡಿ. ರಾತ್ರಿ ಗೂಡಿನೊಳಗೆ ಒಂದು ಟಾರ್ಚ್ ಹೊತ್ತಿಸಿಟ್ಟು, ಹೊರಗೆ ಕತ್ತಲಲ್ಲಿ ಸುತ್ತ ಬನ್ನಿ. ಬಾಗಿಲ ಮೂಲೆ, ಮಾಡು ಗೋಡೆಗೆ ಸೇರುವ ಕಡೆ, ಮೊಟ್ಟೆ ತೆಗೆಯುವ ಕಿಂಡಿ, ಎಲ್ಲೆಲ್ಲಿ ಬೆಳಕು ಗೆರೆಯಾಗಿ ಕಾಣುತ್ತದೋ ಅಲ್ಲೆಲ್ಲ ಸಂದಿ ಇದೆ. ಎರಡು ಬೆರಳು ಹೋಗುವಷ್ಟು ಅಗಲ ಇದ್ದರೆ ಅವತ್ತೇ ಮುಚ್ಚಿ. ಬಾಗಿಲಿಗೆ ಬರೀ ಕೊಂಡಿ ಸಾಲದು, ಅಲುಗಾಡಿಸಿದರೆ ಬಿಚ್ಚಿಕೊಳ್ಳುತ್ತದೆ. ಅಡ್ಡ ಚಿಲಕ ಹಾಕಿಸಿ, ಅದರ ತೂತಿಗೆ ಒಂದು ಕಡ್ಡಿ ಸಿಕ್ಕಿಸಿ.

ಭದ್ರ ಮಾಡುವ ಭರದಲ್ಲಿ ನಾಲ್ಕೂ ಕಡೆ ಹಲಗೆ ಬಡಿದು ಮುಚ್ಚಿಬಿಡುವವರಿದ್ದಾರೆ. ಪಾಪ, ಕೋಳಿಗೆ ಚಳಿ ಆಗುತ್ತದೆ ಅಂತ. ನನ್ನ ಮಟ್ಟಿಗೆ ಹೊಸಬರ ಗೂಡುಗಳಲ್ಲಿ ಕಾಣುವ ದೊಡ್ಡ ತೊಂದರೆ ಇದೇ. ಪುಕ್ಕ ತುಂಬಿದ ದೊಡ್ಡ ಕೋಳಿಗೆ ನಮ್ಮ ಚಳಿ ಏನೂ ಅಲ್ಲ. ಅದರ ಮೈ ಬಿಸಿಯೇ ಸುಮಾರು 41 ಡಿಗ್ರಿ ಸೆಲ್ಸಿಯಸ್. ಅದಕ್ಕೆ ಕಷ್ಟ ಕೊಡುವುದು ಒದ್ದೆ ಮತ್ತು ಕೆಟ್ಟ ಗಾಳಿ. ಕೋಳಿಗೆ ಮೂತ್ರ ಬೇರೆ, ಹಿಕ್ಕೆ ಬೇರೆ ಅಂತ ಇಲ್ಲ. ಹಿಕ್ಕೆಯ ಮೇಲೆ ಕಾಣುವ ಬಿಳಿ ಭಾಗವೇ ಮೂತ್ರದ ಅಂಶ. ಅದಕ್ಕೆ ತೇವ ಸೇರಿದರೆ ಕೊಳೆತು ಅಮೋನಿಯಾ ಏಳುತ್ತದೆ. ಅದು ಕಣ್ಣು, ಗಂಟಲು, ಶ್ವಾಸಕೋಶ ಎಲ್ಲವನ್ನೂ ಸುಡುತ್ತದೆ. ಆಮೇಲೆ ಗೊರಗೊರ, ಸೀನು, ಮೊಟ್ಟೆ ಕಡಿಮೆ.

ನಿಮ್ಮ ಗೂಡು ಹೇಗಿದೆ ಅಂತ ತಿಳಿಯಲು ಮೀಟರು ಬೇಡ. ಬೆಳಗ್ಗೆ ಬಾಗಿಲು ತೆಗೆದ ತಕ್ಷಣ, ಕೋಳಿಗಳು ಇನ್ನೂ ಇಳಿಯುವ ಮೊದಲು, ಅವು ಕೂತ ಎತ್ತರಕ್ಕೆ ನಿಮ್ಮ ಮುಖ ತಂದು ಒಂದು ಉಸಿರು ಎಳೆದುಕೊಳ್ಳಿ. ಮೂಗು ಘಾಟು ಹೊಡೆದು ಕಣ್ಣು ಚುರುಗುಟ್ಟಿದರೆ ಗಾಳಿ ಸಾಲದು ಅಂತಲೇ ಅರ್ಥ. ರಾತ್ರಿಯೆಲ್ಲ ಅವು ಅದನ್ನೇ ಉಸಿರಾಡಿವೆ. ಮಾಡಿನ ಕೆಳಗೆ ಒಂದಡಿ ಅಗಲಕ್ಕೆ ಸುತ್ತಲೂ ಬರೀ ಮೆಶ್ ಇರಲಿ, ಯಾವ ಕಾಲದಲ್ಲೂ ಅದನ್ನು ಮುಚ್ಚಬೇಡಿ. ಆಷಾಢದಲ್ಲಿ ಪಡುವಣ ಗಾಳಿಗೆ ಎರಚಲು ಬರುತ್ತದೆ ಅಂದರೆ ಆ ಕಡೆ ಮಾಡನ್ನು ಮೂರಡಿ ಮುಂದಕ್ಕೆ ಇಳಿಸಿ, ಕೆಳಗಿನ ಭಾಗಕ್ಕೆ ಮಾತ್ರ ಟಾರ್ಪಾಲು ಕಟ್ಟಿ.

ಕಲಬುರಗಿ, ರಾಯಚೂರಿನ ಕಡೆಯವರ ಚಿಂತೆ ಬೇರೆ. ಅಲ್ಲಿ ಬೇಸಿಗೆಯಲ್ಲಿ 40 ಡಿಗ್ರಿ ದಾಟುತ್ತದೆ. ಕೋಳಿಗೆ ಬೆವರು ಬರುವುದಿಲ್ಲ, ಬಾಯಿ ತೆರೆದು ಏದುಸಿರು ಬಿಟ್ಟೇ ಮೈ ತಂಪು ಮಾಡಿಕೊಳ್ಳಬೇಕು. ಗೂಡಿನ ಉದ್ದ ಪೂರ್ವ-ಪಶ್ಚಿಮಕ್ಕೆ ಇರಲಿ, ಆಗ ಉದ್ದ ಬದಿಗಳಿಗೆ ಬಿಸಿಲು ನೇರ ಹೊಡೆಯುವುದಿಲ್ಲ. ಬೇವಿನ ಮರದ ನೆರಳು ಸಿಕ್ಕರೆ ಇನ್ನೂ ಒಳ್ಳೆಯದು. ತಗಡಿನ ಮಾಡಾದರೆ ಮೇಲೆ ಜೋಳದ ದಂಟು ಹೊದಿಸಿ. ನೀರು ದಿನಕ್ಕೆ ಒಂದು ಕೋಳಿಗೆ ಕಾಲು ಲೀಟರಿನ ಹತ್ತಿರ ಬೇಕು, ಬೇಸಿಗೆಯಲ್ಲಿ ಅದಕ್ಕಿಂತ ಜಾಸ್ತಿ. ಮಣ್ಣಿನ ಪಾತ್ರೆಯಲ್ಲಿಟ್ಟು ಮಧ್ಯಾಹ್ನ ಒಂದು ಸಲ ಬದಲಾಯಿಸಿ.

ಗೂಡಿನ ತಳ ಸಂದಿ ಇಲ್ಲದ್ದಾದರೆ ಎರಡು ಮೂರು ಇಂಚು ಭತ್ತದ ಹೊಟ್ಟು ಹಾಸಿ. ಒಂದು ಹಿಡಿ ತೆಗೆದು ಬಿಗಿಯಾಗಿ ಹಿಸುಕಿ ನೋಡಿ. ಕೈ ಬಿಟ್ಟಾಗ ಉದುರಿದರೆ ಸರಿ ಇದೆ. ಉಂಡೆಯಾಗಿಯೇ ಉಳಿದರೆ ಒದ್ದೆ ಇದೆ, ಆ ಭಾಗ ತೆಗೆದು ಹೊಸದು ಹಾಕಿ. ತೆಗೆದದ್ದನ್ನು ನೇರ ಗಿಡದ ಬುಡಕ್ಕೆ ಸುರಿಯಬೇಡಿ, ಬೇರು ಸುಟ್ಟುಹೋಗುತ್ತದೆ. ತಿಪ್ಪೆಯಲ್ಲಿ ಕೆಲವು ತಿಂಗಳು ಕಳಿತರೆ ತರಕಾರಿಗೆ ಚಿನ್ನದಂಥ ಗೊಬ್ಬರ.

ಒಳಗೆ ಕೂರಲು ಅಡ್ಡ ಕೋಲು ಬೇಕು. ಎರಡು ಇಂಚು ದಪ್ಪ, ಅಂಚು ಉಜ್ಜಿದ ಮರದ ಪಟ್ಟಿ ಆದರೆ ಕಾಲಿಗೆ ಹಿತ. ಒಂದು ಕೋಳಿಗೆ 8ರಿಂದ 10 ಇಂಚು ಜಾಗ ಬಿಡಿ. ಹೆಬ್ಬಾಳದಲ್ಲಿ ರೂಪಿಸಿದ ಗಿರಿರಾಜದಂಥ ಭಾರದ ತಳಿಗೆ ಕೋಲು ತಗ್ಗಿನಲ್ಲೇ ಇರಲಿ. ಎತ್ತರದಿಂದ ಧುಮುಕಿ ಧುಮುಕಿ ಪಾದ ಬಾತುಕೊಳ್ಳುತ್ತದೆ. ಕೋಲಿನ ತುದಿಯ ಸಂದಿಗಳಲ್ಲಿ ಹಗಲು ಹೊತ್ತು ಉಣ್ಣೆ ಅಡಗಿರುತ್ತವೆ, ರಾತ್ರಿ ಬಂದು ರಕ್ತ ಹೀರುತ್ತವೆ. ಕೋಲನ್ನು ಎತ್ತಿ ತೆಗೆಯುವಂತೆ ಜೋಡಿಸಿಕೊಂಡರೆ ಬಿಸಿಲಿಗೆ ಹಾಕಿ ಕುದಿಯುವ ನೀರು ಸುರಿಯಬಹುದು. ಅಂಗಳದ ಮೂಲೆಯಲ್ಲಿ ಬೂದಿ, ಮರಳು ಬೆರೆಸಿದ ಒಂದು ಗುಂಡಿ ಮಾಡಿ. ಅದರಲ್ಲಿ ಹೊರಳಾಡಿ ಅವೇ ಮೈ ಶುಚಿ ಮಾಡಿಕೊಳ್ಳುತ್ತವೆ.

ಮೊಟ್ಟೆ ಇಡುವ ಜಾಗ ಒಂದಡಿ ಚೌಕ, ಸ್ವಲ್ಪ ಕತ್ತಲು. ನಾಲ್ಕೈದು ಹೇಂಟೆಗೆ ಒಂದು ಸಾಕು. ಹಳೇ ಬುಟ್ಟಿಯೂ ಆದೀತು. ಅದು ಕೂರುವ ಕೋಲಿಗಿಂತ ತಗ್ಗಿನಲ್ಲಿರಬೇಕು, ಇಲ್ಲದಿದ್ದರೆ ಅದರಲ್ಲೇ ಮಲಗಿ ಗಲೀಜು ಮಾಡುತ್ತವೆ. ಇನ್ನೊಂದು ಮಾತು, ಬರೀ ಮೊಟ್ಟೆಗಾದರೆ ಹುಂಜ ಬೇಡವೇ ಬೇಡ. ಮರಿ ಮಾಡಿಸುವವರಿಗೆ ಮಾತ್ರ ಹುಂಜ ಬೇಕು. ಪಟ್ಟಣದ ಬಡಾವಣೆಯಲ್ಲಿ ಇರುವವರು ಇದನ್ನು ನೆನಪಿಡಿ, ನೆರೆಯವರ ನಿದ್ದೆಯೂ ನಮಗೆ ಮುಖ್ಯ ಅಲ್ವಾ?

ಗೂಡು ಸಿದ್ಧವಾಯಿತು, ಕೋಳಿ ಬಂದವು. ಮೊದಲ ನಾಲ್ಕೈದು ದಿನ ಹೊರಗೆ ಬಿಡಬೇಡಿ. ನೀರು, ಕಾಳು ಒಳಗೇ ಕೊಡಿ. ಮಲಗುವ ಜಾಗ ಇದೇ ಅಂತ ಅವುಗಳಿಗೆ ರೂಢಿಯಾಗಲಿ. ಆಮೇಲೆ ಕತ್ತಲಾಗಲು ಒಂದು ಗಂಟೆ ಇರುವಾಗ ಬಾಗಿಲು ತೆಗೆಯಿರಿ. ದೂರ ಹೋಗಲು ಹೊತ್ತು ಇರುವುದಿಲ್ಲ, ತಾವಾಗಿಯೇ ಮರಳುತ್ತವೆ. ಬಾಗಿಲು ಹಾಕುವಾಗ ತಪ್ಪದೆ ಎಣಿಸಿ. ಮುಂದೆ ಯಾವಾಗಲಾದರೂ ಸಂತೆಯಿಂದ ಹೊಸ ಕೋಳಿ ತಂದರೆ ಎರಡು ವಾರ ಬೇರೆ ಕಡೆ ಇಟ್ಟು, ಚುರುಕಾಗಿದೆ ಅಂತ ಖಾತ್ರಿಯಾದ ಮೇಲೆ ಸೇರಿಸಿ.

ಕೊನೆಗೆ ಲಸಿಕೆ. ನಮ್ಮ ಕಡೆ ಕೊಕ್ಕರೆ ರೋಗ ಅನ್ನುವ ರಾಣಿಖೇತ್ ಬಂದರೆ ಎಷ್ಟೇ ಒಳ್ಳೆಯ ಗೂಡಿದ್ದರೂ ಇಡೀ ಹಿಂಡು ಖಾಲಿಯಾಗಬಹುದು. ಬಂದ ಮೇಲೆ ಔಷಧಿ ಇಲ್ಲ. ಮರಿಗೆ ಒಂದು ವಾರ ತುಂಬುವ ಹೊತ್ತಿಗೆ ಕಣ್ಣಿಗೋ ಮೂಗಿಗೋ ಮೊದಲ ಹನಿ ಹಾಕಿಸಬೇಕು. ಆಮೇಲಿನ ಸರದಿಯನ್ನು ಹತ್ತಿರದ ಪಶು ಆಸ್ಪತ್ರೆಯಲ್ಲಿ ಕೇಳಿ ಬರೆದಿಟ್ಟುಕೊಳ್ಳಿ. ತೊಡಕು ಒಂದೇ. ಈ ಲಸಿಕೆ ನೂರಾರು ಕೋಳಿಗೆ ಆಗುವಷ್ಟು ಒಂದೇ ಸೀಸೆಯಲ್ಲಿ ಬರುತ್ತದೆ. ಕಲಸಿದ ಮೇಲೆ ಒಂದೆರಡು ಗಂಟೆಯೊಳಗೆ ಮುಗಿಸಬೇಕು, ಅಲ್ಲಿಯವರೆಗೆ ತಂಪಲ್ಲೇ ಇರಬೇಕು. ಹತ್ತು ಕೋಳಿಗೆ ಒಬ್ಬರೇ ತರಿಸಿದರೆ ಉಳಿದದ್ದೆಲ್ಲ ಚೆಲ್ಲಬೇಕಾಗುತ್ತದೆ. ಹಾಗಾಗಿ ಅಕ್ಕಪಕ್ಕ ಕೋಳಿ ಸಾಕುವ ಏಳೆಂಟು ಮನೆಯವರು ಮಾತಾಡಿಕೊಂಡು ಒಂದು ದಿನ ಗೊತ್ತು ಮಾಡಿ. ಅವತ್ತು ಬೆಳಗ್ಗೆ ಕೋಳಿಗಳನ್ನು ಗೂಡಿಂದ ಹೊರಗೆ ಬಿಡಬೇಡಿ, ಹಿಡಿಯಲು ಸುಲಭ. ಮಂಜುಗಡ್ಡೆ ಹಾಕಿದ ಫ್ಲಾಸ್ಕಿನಲ್ಲಿ ಲಸಿಕೆ ತಂದು, ಬಿಸಿಲು ಏರುವ ಮೊದಲು ಎಲ್ಲರ ಮನೆಯದನ್ನೂ ಮುಗಿಸಿಬಿಡಿ.

ನಮಸ್ಕಾರ.