ತೂತಿಗೆ ಹೋದ ಪ್ರತ್ಯಯಗಳು: ಕಾರವಾರದಲ್ಲಿ ಒಂದು ಲ್ಯಾಟಿನ್ ದಿನ

ನಮಸ್ಕಾರ ಎಲ್ಲರಿಗೂ. ಇದು ಅಂಕೋಲಾ ಬಸ್‌ಸ್ಟ್ಯಾಂಡ್, ಬೆಳಿಗ್ಗೆ ಏಳೂವರೆ. ಇವತ್ತು ಕಾರವಾರಕ್ಕೆ ಹೊರಟಿದ್ದೇನೆ. ಲ್ಯಾಟಿನ್ ನೋಟ್ಸ್ ಪ್ರಿಂಟ್ ಹಾಕಿಸಬೇಕು, ಆಮೇಲೆ ಕಡಲ ದಂಡೆಯಲ್ಲಿ ಕೂತು ಓದಬೇಕು. ಪ್ರಿಂಟ್ ಅಂಕೋಲೆಯಲ್ಲೂ ಆಗುತ್ತದೆ, ನಿಜ. ಆದರೆ ಹೋದ ಸಲ ಎಷ್ಟೋ ಜನ ಕಾರವಾರ ತೋರಿಸಿ ಅಂತ ಕೇಳಿದ್ದಿರಿ. ಹಾಗಾಗಿ ಎರಡೂ ಒಟ್ಟಿಗೆ.

ಕಿಟಕಿ ಪಕ್ಕದ ಸೀಟು ಸಿಕ್ಕಿತು. ಬಸ್ ಹೋಗುತ್ತಿರಲಿ, ಹೊಸಬರಿಗೆ ಸ್ವಲ್ಪ ಹೇಳಿಬಿಡುತ್ತೇನೆ. ನಾನು ಊರಿನಿಂದ ದೂರದ ಒಂದು ಯೂನಿವರ್ಸಿಟಿಯಲ್ಲಿ ಮೊದಲ ವರ್ಷ ಓದುತ್ತಿದ್ದೇನೆ. ಅಲ್ಲಿ ಕ್ಲಾಸಿಕ್ಸ್ ಅಂತ ಒಂದು ಕೋರ್ಸ್ ತೆಗೆದುಕೊಂಡಿದ್ದೇನೆ. ಹಳೆಯ ಗ್ರೀಸ್, ಹಳೆಯ ರೋಮ್, ಅವರ ಭಾಷೆ, ಕಾವ್ಯ, ನಾಟಕ, ಚರಿತ್ರೆ, ಎಲ್ಲ ಸೇರಿಸಿ ಆ ಹೆಸರು. ಹಳೆಯ ಗ್ರೀಕ್ ಕವಿ ಹೋಮರನ ಎರಡು ಕಾವ್ಯ ಇಂಗ್ಲಿಷ್ ಅನುವಾದದಲ್ಲಿ, ಜೊತೆಗೆ ರೋಮಿನವರ ಭಾಷೆ ಲ್ಯಾಟಿನ್ನಿನ ಮೊದಲ ಪಾಠಗಳು. ಈಗ ರಜೆ. ರಜೆ ಮುಗಿದ ದಿನವೇ ಲ್ಯಾಟಿನ್ ಟೆಸ್ಟ್ ಇದೆ.

ನಮ್ಮ ಕ್ಲಾಸಿಗೆ ಬಂದವರಲ್ಲಿ ಜಾಸ್ತಿ ಜನ ದೇವರ ಕಥೆ ಕೇಳಲು ಬಂದವರು. ಝ್ಯೂಸ್, ಅಥೀನಾ, ಮೆಡೂಸಾ. ಗೇಮ್ ಆಡಿ ಬಂದವರಿದ್ದರು, ಕಾದಂಬರಿ ಓದಿ ಬಂದವರಿದ್ದರು. ನನ್ನ ರೂಮ್‌ಮೇಟ್ ಮಾತ್ರ, ಈ ಕೋರ್ಸಿನಲ್ಲಿ ಮಾರ್ಕ್ಸ್ ಸುಲಭ ಅಂತ ಯಾರೋ ಹೇಳಿದ್ದನ್ನು ನಂಬಿ ಬಂದಳು. ಮೂರನೇ ವಾರ ಬೋರ್ಡಿನ ಮೇಲೆ ನಾಮಪದದ ಕೋಷ್ಟಕ ಬಂತು. ನಾಲ್ಕನೇ ವಾರ ಹಿಂದಿನ ಎರಡು ಸಾಲು ಖಾಲಿ. ಅವಳೂ ಬಿಟ್ಟಳು. ನಾನೂ ಬಿಡುವ ಫಾರ್ಮ್ ತುಂಬಿಟ್ಟಿದ್ದೆ. ಕಥೆ ಹೇಳಿಕೊಟ್ಟರೆ ಸಾಕು, ಭಾಷೆ ಸುಮ್ನೆ ಹಿಂಸೆ ಅನ್ನುವುದು ಆಗ ನನ್ನ ಗಟ್ಟಿ ಅಭಿಪ್ರಾಯ. ಈಗ ಅದನ್ನು ಪೂರ್ತಿ ವಾಪಸ್ ತೆಗೆದುಕೊಳ್ಳುತ್ತೇನೆ. ಯಾಕೆ ಅಂದರೆ... ಬಿಣಗಾ ದಾಟಿತು, ಇಳಿಯುವ ಜಾಗ ಬಂತು, ಆಮೇಲೆ ಹೇಳುತ್ತೇನೆ.

ಇದು ಝೆರಾಕ್ಸ್ ಅಂಗಡಿ. ಅಂಗಡಿಯ ಹೆಸರು ತೋರಿಸುವುದಿಲ್ಲ, ಬೋರ್ಡನ್ನು ಎಡಿಟ್ ಮಾಡುವಾಗ ಮಸುಕು ಮಾಡಿದ್ದೇನೆ. ಇಲ್ಲಿ ನಡೆದದ್ದನ್ನು ಪೂರ್ತಿ ಹೇಳಲೇಬೇಕು.

94 ಪುಟ. ನಮ್ಮ ಮೇಡಂ ತಾವೇ ಕೂತು ತಯಾರು ಮಾಡಿದ ನೋಟ್ಸ್. ಪುಟಕ್ಕೆ 2 ರೂಪಾಯಿ, 188 ಆಯಿತು. ಸ್ಪೈರಲ್ ಬೈಂಡಿಂಗ್ 50. ಒಟ್ಟು 238. ಬರುವಾಗ ಬಸ್ಸಿಗೆ ಸೊನ್ನೆ ಟಿಕೆಟ್, ಹಾಗಾಗಿ 238 ದೊಡ್ಡದಾಗಿ ಕಾಣಿಸಲಿಲ್ಲ. ಕೊಟ್ಟೆ, ತೆಗೆದುಕೊಂಡೆ, ಹೊರಗೆ ಬಂದೆ. ಬಂದು ತೆರೆದು ನೋಡಿದರೆ ಪುಸ್ತಕ ಬಲಗಡೆ ಬೈಂಡ್ ಆಗಿದೆ! ಕಟ್ಟನ್ನು ತಿರುವಿ ಯಂತ್ರಕ್ಕೆ ಕೊಟ್ಟಿದ್ದಾರೆ. ಬೈಂಡಿಂಗಿಗೆ ಅಂತ ಮೇಡಂ ಎಡಗಡೆ ಅಗಲ ಜಾಗ ಬಿಟ್ಟಿದ್ದರು, ಅದು ಹಾಗೇ ಖಾಲಿ ಉಳಿದಿದೆ. ತೂತುಗಳೆಲ್ಲ ಬಲಗಡೆ ಅಂಚಿಗೆ ಬಿದ್ದಿವೆ.

ಬಲಗಡೆ ಅಂಚಿನಲ್ಲಿ ಏನಿತ್ತು? ಕ್ಯಾಮೆರಾ ಹತ್ತಿರ ಹಿಡಿಯುತ್ತೇನೆ, ನೋಡಿ. ಪ್ರತಿ ಕೋಷ್ಟಕದಲ್ಲೂ ಮೊದಲು ವಿಭಕ್ತಿಯ ಹೆಸರು, ನಡುವೆ ಪದ, ಬಲತುದಿಯ ಸಾಲಿನಲ್ಲಿ ಕೆಂಪು ಅಕ್ಷರದಲ್ಲಿ ಪ್ರತ್ಯಯ. ಆ ಕೆಂಪು ಸಾಲೇ ಹೋಯಿತು. ಒಂದು ಕಡೆ ಅರ್ಧ ಎಂ ಉಳಿದಿದೆ, ಇನ್ನೊಂದು ಕಡೆ ಬರೀ ಒಂದು ಗೀಟು. ಕೆಳಗೆ ಪೂರ್ತಿ ದುಂಡು ತೂತು, ಅದರೊಳಗಿಂದ ಕಪ್ಪು ಪ್ಲಾಸ್ಟಿಕ್ ಸುರುಳಿ ಹಾದುಹೋಗಿದೆ.

ವಾಪಸ್ ಹೋಗಿ ತೋರಿಸಿದೆ. "ಅಣ್ಣಾ, ಇದು ಬಲಗಡೆ ಆಗಿದೆ" ಅಂದೆ. "ಓದ್ಲಿಕ್ಕೆ ಬರ್ತದಲ್ಲ ತಂಗಿ, ಅಂಚಿನ ಒಂದೆರಡು ಅಕ್ಷರ ಅಲ್ವಾ ಹೋದದ್ದು" ಅಂದರು. ಆ ಒಂದೆರಡು ಅಕ್ಷರವೇ ಲ್ಯಾಟಿನ್ ಅಂತ ಅವರಿಗೆ ಹೇಗೆ ಹೇಳುವುದು? ಹೇಳಲು ನೋಡಿದೆ. ಹಿಂದೆ ಆಧಾರ್ ಕಾರ್ಡ್ ಹಿಡಿದುಕೊಂಡು ಐದು ಜನ ನಿಂತಿದ್ದರು. ಬೇರೆ ಪ್ರಿಂಟ್ ಬೇಕಾದರೆ ಮತ್ತೆ ದುಡ್ಡು ಕೊಡಬೇಕಂತೆ. ನನಗೆ ನಿಜವಾಗಿ ಸಿಟ್ಟು ಬಂತು, ಈಗಲೂ ಇದೆ. ಕೆಲಸ ತಪ್ಪಾದರೆ ತಪ್ಪಾಯಿತು ಅನ್ನಬೇಕು. ಮತ್ತೆ 238 ಕೊಡುವ ಮನಸ್ಸು ಬರಲಿಲ್ಲ, ಹೊರಟುಬಂದೆ.

ಈಗ ಟಾಗೋರ್ ಕಡಲತೀರ. ಅದು ಚಾಪಲ್, ಯುದ್ಧನೌಕೆ, ಈಗ ಮ್ಯೂಸಿಯಂ. ಒಳಗೆ ಹೋಗುವುದಿಲ್ಲ, ಶಾಲೆಯಿಂದ ಬಂದಾಗ ಎರಡು ಸಲ ನೋಡಿದ್ದೇನೆ. ದೂರದಲ್ಲಿ ಕಾಣುವುದು ಕೂರ್ಮಗಡ ದ್ವೀಪ. ಇಲ್ಲಿ ಗಾಳಿ ಜಾಸ್ತಿ, ದನಿ ಸರಿಯಾಗಿ ಕೇಳದಿದ್ದರೆ ಹೊಂದಿಸಿಕೊಳ್ಳಿ.

ಆ ಅಕ್ಷರಗಳ ವಿಷಯ. ಒಂದೇ ಒಂದು ಪದ ತೆಗೆದುಕೊಳ್ಳೋಣ. ನೌತ. ನಾವಿಕ ಅಂತ ಅರ್ಥ. ನಮ್ಮ ನಾವೆ, ನೌಕೆ ಇವೆಯಲ್ಲ, ಅವು ಸಂಸ್ಕೃತದಿಂದ ಬಂದವು, ಅವುಗಳ ದೂರದ ನೆಂಟ ಇದು. ನೌತ ಅಂದರೆ ನಾವಿಕ, ನೌತಮ್ ಅಂದರೆ ನಾವಿಕನನ್ನು, ನೌತೈ ಅಂದರೆ ನಾವಿಕನ. ಈಗ ಒಂದು ವಾಕ್ಯ: "ನೌತ ಅಗ್ರಿಕೊಲಮ್ ವಿದೆತ್." ನಾವಿಕ ರೈತನನ್ನು ನೋಡುತ್ತಾನೆ. ತಿರುಗಿಸಿ ಹೇಳಿ: "ಅಗ್ರಿಕೊಲಮ್ ನೌತ ವಿದೆತ್." ರೈತನನ್ನು ನಾವಿಕ ನೋಡುತ್ತಾನೆ. ಅರ್ಥ ಬದಲಾಗಲಿಲ್ಲ ಅಲ್ವಾ? ಆ ಕೊನೆಯ ಮ್ ತೂತಿಗೆ ಹೋಗಲಿ, ಯಾರು ಯಾರನ್ನು ನೋಡಿದರು ಅಂತ ದೇವರಿಗೇ ಗೊತ್ತು. ನಾನು ಅಂಗಡಿಯಲ್ಲಿ ಹೇಳಬೇಕಿದ್ದದ್ದು ಇಷ್ಟೇ.

ಇದು ಕ್ಲಾಸಿನಲ್ಲಿ ಬೋರ್ಡಿನ ಮೇಲೆ ಬಂದಾಗ ಪಕ್ಕದವರೆಲ್ಲ ತಲೆ ಹಿಡಿದುಕೊಂಡರು. ಪದ ಹಿಂದೆಮುಂದಾದರೂ ಅರ್ಥ ಹೇಗೆ ಉಳಿಯುತ್ತದೆ ಅಂತ ಅವರ ಪ್ರಶ್ನೆ. ಇಂಗ್ಲಿಷಿನಲ್ಲೇ ಯೋಚಿಸುವವರಿಗೆ ಇದು ಕಷ್ಟವೇ. ನಾನೂ ಮೂರು ವಾರ ಇಂಗ್ಲಿಷಿನಲ್ಲೇ ಯೋಚಿಸುತ್ತಿದ್ದೆ, ಅದೇ ನನ್ನ ತಪ್ಪು. ಫಾರ್ಮ್ ಕೊಡಬೇಕಾಗಿದ್ದ ದಿನದ ಹಿಂದಿನ ರಾತ್ರಿ, ಸುಮ್ನೆ ಕೋಷ್ಟಕದ ಪಕ್ಕದಲ್ಲಿ ಕನ್ನಡದಲ್ಲಿ ಬರೆದೆ. ಪ್ರಥಮಾ, ದ್ವಿತೀಯಾ, ಚತುರ್ಥೀ, ಷಷ್ಠೀ. ಅನ್ನು, ಗೆ, ಅ. ಹೈಸ್ಕೂಲಿನಲ್ಲಿ ಬಾಯಿಪಾಠ ಮಾಡಿದ್ದು. ಐದೇ ನಿಮಿಷದಲ್ಲಿ ಕೋಷ್ಟಕ ನನ್ನದಾಯಿತು. ಇನ್ನೊಂದು ವಿಷಯ. ನೌತ ಮತ್ತು ನೌತಾ ಬೇರೆ ಬೇರೆ. ಕೊನೆಯ ಸ್ವರ ದೀರ್ಘವಾದರೆ ವಿಭಕ್ತಿಯೇ ಬೇರೆ. ರೋಮನ್ ಲಿಪಿಯಲ್ಲಿ ಅದಕ್ಕೆ ಅಕ್ಷರದ ಮೇಲೆ ಗೆರೆ ಎಳೆಯಬೇಕು, ಎಷ್ಟೋ ಸಲ ಎಳೆಯುವುದೂ ಇಲ್ಲ. ಕನ್ನಡದಲ್ಲಿ ಬರೆದರೆ ದೀರ್ಘ ಕಣ್ಣಿಗೇ ಕಾಣುತ್ತದೆ.

ಆಮೇಲೆ ವರ್ಜಿಲ್ ಬಂದ. ಕ್ರಿ.ಪೂ. 19ರಲ್ಲಿ ತೀರಿಕೊಂಡ ರೋಮನ್ ಕವಿ. ಅವನ ದೊಡ್ಡ ಕಾವ್ಯದ ಮೊದಲ ಮೂರು ಪದ: "ಅರ್ಮ ವಿರುಮ್‌ಕ್ವೆ ಕನೋ." ಅರ್ಮ, ಆಯುಧಗಳನ್ನು. ವಿರುಮ್, ಒಬ್ಬ ವೀರನನ್ನು. ಕ್ವೆ, ಅದು ನಮ್ಮ ಊ, ಪದದ ಬಾಲಕ್ಕೆ ಅಂಟಿಕೊಳ್ಳುತ್ತದೆ. ಕನೋ, ಹಾಡುತ್ತೇನೆ. ನಾನು ಅಂತ ಬೇರೆ ಹೇಳುವುದೇ ಬೇಡ, ಕ್ರಿಯಾಪದದಲ್ಲೇ ಇದೆ. ಆಯುಧಗಳನ್ನೂ ವೀರನನ್ನೂ ಹಾಡುತ್ತೇನೆ. ಒಂದು ಪದವನ್ನೂ ಜಾಗ ಬದಲಿಸಬೇಕಾಗಿಲ್ಲ! ಇಂಗ್ಲಿಷಿಗೆ ತಂದರೆ ಹಾಡುವವನನ್ನು ಹಿಂದಿನಿಂದ ಎಳೆದು ಮುಂದೆ ನಿಲ್ಲಿಸಬೇಕು. ಅವತ್ತು ಕ್ಲಾಸಿನಲ್ಲಿ ನನ್ನ ಕಣ್ಣಲ್ಲಿ ನೀರು ಬಂದದ್ದು ನಿಜ. ಫಾರ್ಮ್ ಹರಿದು ಹಾಕಿದೆ.

ಇನ್ನೂ ಒಂದಿದೆ. ಪಂಪನ ಸಾಲು ನಿಮಗೆಲ್ಲ ಗೊತ್ತು, "ನೆನೆವುದೆನ್ನ ಮನಂ ಬನವಾಸಿ ದೇಶಮಂ." ಬನವಾಸಿ ನಮ್ಮ ಜಿಲ್ಲೆಯದೇ, ಶಿರಸಿ ತಾಲೂಕು. ಪಿಯುಸಿಯಲ್ಲಿ ಹಳಗನ್ನಡ ಅಂದರೆ ನನಗೆ ಜ್ವರ ಬರುತ್ತಿತ್ತು. ಲ್ಯಾಟಿನ್ ಓದಿದ ಮೇಲೆ ಆ ಸಾಲನ್ನು ಬೇರೆ ಥರ ನೋಡಿದೆ. ನೆನೆವುದು ಮೊದಲು ಬಂತು, ಮನಸ್ಸು ನಡುವೆ, ದೇಶ ಕೊನೆಗೆ. ಮನಂ ಪ್ರಥಮಾ, ದೇಶಮಂ ದ್ವಿತೀಯಾ. ಆ ಒಂದು "ಅಂ" ಇರುವುದರಿಂದ ಅವನು ಊರಿನ ಹೆಸರನ್ನು ಸಾಲಿನ ತುದಿವರೆಗೆ ಉಳಿಸಿಕೊಳ್ಳಬಹುದು. ಇದನ್ನು... ಅಯ್ಯೋ, ಟ್ರೈಪಾಡ್ ಮರಳಿನಲ್ಲಿ ವಾಲುತ್ತಿದೆ. ಹೋಗೋಣ.

ಬೈತ್‌ಖೋಲ್ ಬಂದರು. ವಾಸನೆ ನಿಮಗೆ ಬರುವುದಿಲ್ಲ, ಬಂಗಡೆ ಇಳಿಸುತ್ತಿದ್ದಾರೆ. ಇಲ್ಲಿ ಅಪ್ಪನ ಗೆಳೆಯರೊಬ್ಬರು ಸಿಕ್ಕಿದರು. ಅವರ ಮುಖ ತೋರಿಸುವುದಿಲ್ಲ, ದನಿ ಮಾತ್ರ ಕೇಳಿ. ಬೋಟು ಎಷ್ಟಿವೆ ಮಾವ ಅಂತ ಸುಮ್ನೆ ಕೇಳಿದೆ. ಅವರು ಎಣಿಸಲಿಲ್ಲ. "ಅದು ಮಾಜಾಳಿಯವ್ರದ್ದು. ಅದ್ರ ಪಕ್ಕದ್ದು ಹಾರವಾಡದವ್ರದ್ದು, ಅಣ್ತಮ್ಮ ಇಬ್ರೂ ಸೇರಿ ಮಾಡಿದ್ದು. ಹಸಿರು ಬಣ್ಣದ್ದು ಬೇಲೆಕೇರಿಯದ್ದು, ಹೋದ ವರ್ಷ ಇಂಜಿನ್ ಹೋಗಿ ಎರಡು ದಿನ ಕಡಲಲ್ಲೇ ಉಳಿದಿತ್ತು." ಹೀಗೆ ಒಂದೊಂದನ್ನೂ ಬೆರಳು ಮಾಡಿ ಹೇಳುತ್ತಾ ಹೋದರು. ಕಾಲು ಗಂಟೆ.

ಹೋಮರನ ಇಲಿಯಡ್ ಕಾವ್ಯದ ಎರಡನೇ ಭಾಗದಲ್ಲೂ ಹೀಗೇ ಒಂದು ಪಟ್ಟಿ ಬರುತ್ತದೆ. ಟ್ರಾಯ್ ನಗರದ ಮೇಲೆ ಯುದ್ಧಕ್ಕೆ ಬಂದ ಗ್ರೀಕರ ಹಡಗುಗಳ ಪಟ್ಟಿ. 29 ಪಡೆ, ಲೆಕ್ಕ ಹಾಕಿದರೆ 1186 ಹಡಗು. ಯಾವ ಊರಿನಿಂದ ಎಷ್ಟು, ನಾಯಕ ಯಾರು, ಅವನ ಅಪ್ಪ ಯಾರು. ನಮ್ಮ ಕ್ಲಾಸಿನಲ್ಲಿ ಅದನ್ನು ಪೂರ್ತಿ ಓದಿದವರು ಬಹುಶಃ ಇಲ್ಲ. ಅದು ಬೋರ್, ಹಾರಿಸಿ ಅಂತ ನಾನೇ ಹೋದ ವಿಡಿಯೊದಲ್ಲಿ ಹೇಳಿದ್ದೆ. ಆ ಮಾತು ಅಳಿಸಿ. ಹಾರಿಸಬೇಡಿ. ಮಾವ ಬೇಲೆಕೇರಿ ಅಂದಾಗ ಪಕ್ಕದಲ್ಲಿ ಬಲೆ ಬಿಡಿಸುತ್ತಿದ್ದ ಒಬ್ಬರು ತಲೆ ಎತ್ತಿ ನೋಡಿದರು, ನೀವು ಗಮನಿಸಿದಿರಾ? ಅವರು ಆ ಊರಿನವರು. ಪಟ್ಟಿ ಇರುವುದು ಆ ತಲೆ ಎತ್ತುವವರಿಗೆ. ಊರೂರಿನ ಜನ ಕೂತು ಕೇಳುತ್ತಿದ್ದ ಕಾವ್ಯ ಅದು.

ಕಡಲಿಗೆ ಚಾಚಿಕೊಂಡ ಆ ಗುಡ್ಡ ನೋಡಿ. ಒಂದನೇ ಶತಮಾನದಲ್ಲಿ ಯಾರೋ ಒಬ್ಬ ಗ್ರೀಕ್ ಭಾಷೆಯಲ್ಲಿ ನಮ್ಮ ಪಶ್ಚಿಮ ಕರಾವಳಿಯ ಬಂದರುಗಳನ್ನು ಬರೆದಿಟ್ಟ. ಪೆರಿಪ್ಲಸ್ ಅನ್ನುತ್ತಾರೆ, ವ್ಯಾಪಾರದ ಹಡಗಿನವರಿಗೆ ದಾರಿ ಹೇಳುವ ಬರಹ. ಬರೆದವನ ಹೆಸರು ಸಿಕ್ಕಿಲ್ಲ. ಅದರಲ್ಲಿ ಕೆಲವು ದ್ವೀಪ ಹೇಳಿ, ಎದುರಿಗೆ ಖೆರ್ಸೊನೇಸೊಸ್ ಅನ್ನುವ ಜಾಗ ಇದೆ ಅನ್ನುತ್ತಾನೆ. ಗ್ರೀಕಿನಲ್ಲಿ ಆ ಪದಕ್ಕೆ ಕಡಲಿಗೆ ಚಾಚಿದ ನೆಲ ಅಂತ ಅರ್ಥ. 1912ರಲ್ಲಿ ಅದನ್ನು ಇಂಗ್ಲಿಷಿಗೆ ತಂದ ಶಾಫ್, ಇದು ಕಾರವಾರದ ಚಾಚು ಇರಬೇಕು ಅಂತ ಟಿಪ್ಪಣಿ ಹಾಕಿದರು. ಎಲ್ಲ ವಿದ್ವಾಂಸರೂ ಒಪ್ಪುವುದಿಲ್ಲ. ಆದರೆ ಮೇಡಂ ಆ ಪುಟ ಪರದೆಯ ಮೇಲೆ ಹಾಕಿದಾಗ ನಾನು ಸೀಟಿನಿಂದ ಎದ್ದುಬಿಟ್ಟೆ. ಆ ಜಾಗದ ಬಗ್ಗೆ ಅವನು ಹೇಳುವುದು ಒಂದೇ ಮಾತು, ಇಲ್ಲಿ ಕಡಲುಗಳ್ಳರಿದ್ದಾರೆ ಅಂತ. ಅದನ್ನು ಹೇಳಿದ್ದಕ್ಕೆ ಮಾವನಿಗೆ ಬೇಸರವಾಯಿತು. "ನಮ್ಮವ್ರನ್ನ ಹಾಗೆ ಬರ್ದಿಟ್ನಾ?" ಅಂದರು.

ವಾಪಸ್ ಬಸ್ಸು. ಬೆಳಕು ಕಡಿಮೆ. ಅಂಕೋಲಾ ಹತ್ತಿರ ಬಂದಾಗೆಲ್ಲ ನನಗೆ ಸುಕ್ರಿ ಬೊಮ್ಮಗೌಡರ ನೆನಪಾಗುತ್ತದೆ, ನಮ್ಮ ಸುಕ್ರಜ್ಜಿ. 2017ರಲ್ಲಿ ಪದ್ಮಶ್ರೀ ಬಂತು, 2025ರಲ್ಲಿ ಹೋಗಿಬಿಟ್ಟರು. ಓದು ಬರಹ ಇಲ್ಲದೆ ಹಾಲಕ್ಕಿ ಸಮುದಾಯದ ಹಾಡನ್ನೆಲ್ಲ ನೆನಪಿನಲ್ಲಿ ಇಟ್ಟುಕೊಂಡಿದ್ದರು. ಹೋಮರನ ಕಾವ್ಯ ಹುಟ್ಟಿದ್ದು ಬರವಣಿಗೆಯಲ್ಲಿ ಅಲ್ಲ, ಹಾಡುವವರ ಬಾಯಲ್ಲಿ ಅಂತ ತೋರಿಸಲು ಮಿಲ್ಮನ್ ಪ್ಯಾರಿ ಎನ್ನುವ ವಿದ್ವಾಂಸರು 1930ರ ದಶಕದಲ್ಲಿ ಯುಗೋಸ್ಲಾವಿಯಾಕ್ಕೆ ಹೋಗಿ ಅಲ್ಲಿನ ಹಾಡುಗಾರರನ್ನು ಧ್ವನಿಮುದ್ರಣ ಮಾಡಿಕೊಂಡು ಬಂದರು. ಕ್ಲಾಸಿನಲ್ಲಿ ಅದನ್ನು ಕೇಳಿಸಿದರು. ಉಳಿದವರಿಗೆ ಅದು ಆಶ್ಚರ್ಯ. ನನಗೆ ನಮ್ಮೂರಿನ ಅಂಗಳ ಕಂಡಿತು. ಸ್ಟಾಪ್ ಬಂತು, ಬ್ಯಾಗ್ ಹಿಡಿಯಬೇಕು.

ಮನೆ. ಊಟ ಆಯಿತು. ಪೇಪರ್ ತುಂಡು ಮಾಡಿ, ಅಂಟು ಹಚ್ಚಿ, ಪ್ರತಿ ತೂತಿನ ಪಕ್ಕ ಪ್ರತ್ಯಯ ಬರೆದು ಅಂಟಿಸುತ್ತಿದ್ದೇನೆ. 22 ಪುಟ ಆಗಿದೆ. ನೋಡದೇ ಬರೆಯುತ್ತೇನೆ, ಆಮೇಲೆ ಫೋನಿನಲ್ಲಿ ಸರಿ ನೋಡುತ್ತೇನೆ. ಅಮ್ಮ ಬಂದು ಪಕ್ಕ ಕೂತಿದ್ದಾರೆ. ಬಲಗಡೆ ಸಾಲಿನ ಮೇಲೆ ಹೆಬ್ಬೆರಳು ಇಟ್ಟು ಕೇಳುತ್ತಿದ್ದಾರೆ.

"ಷಷ್ಠೀ?"

"ನೌತೈ."

"ಚತುರ್ಥೀ?"

"ಅದೂ ನೌತೈ."

"ಎರಡೂ ಒಂದೇ ಆದ್ರೆ ನಾವಿಕನದ್ದೋ ನಾವಿಕನಿಗೋ ಅಂತ ಹೇಗೆ ತಿಳಿತದೆ ಮಗಾ?"

"ಉಳಿದ ವಾಕ್ಯ ನೋಡ್ಬೇಕಮ್ಮ."

"ಹಾಗಾದ್ರೆ ಒಂದು ವಾಕ್ಯ ಹೇಳು."