ಒಂದು ಗೇಣಿನ ಅಂತರ: ಪಿಯೆತ್ರೊ ಮೆನ್ನೆಯಾ ಮತ್ತು 200 ಮೀಟರ್ ಓಟ

ಎಲ್ಲರಿಗೂ ನಮಸ್ಕಾರ.

ಕೈ ಬೆರಳುಗಳನ್ನು ಅಗಲಿಸಿ ಒಂದು ಗೇಣು ಅಳತೆ ಹಿಡಿದು ನೋಡಿ. 1980ರ ಮಾಸ್ಕೋ ಒಲಿಂಪಿಕ್ಸ್‌ನ 200 ಮೀಟರ್ ಫೈನಲ್‌ನಲ್ಲಿ ಚಿನ್ನಕ್ಕೂ ಬೆಳ್ಳಿಗೂ ನಡುವೆ ಇದ್ದದ್ದು ಹೆಚ್ಚುಕಮ್ಮಿ ಅಷ್ಟೇ ಜಾಗ. 20.19 ಸೆಕೆಂಡ್ ಮತ್ತು 20.21 ಸೆಕೆಂಡ್. ಗೆದ್ದವರು ಇಟಲಿಯ ಪಿಯೆತ್ರೊ ಮೆನ್ನೆಯಾ. ಇವತ್ತು ಅವರ ಬಗ್ಗೆಯೇ ಮಾತಾಡ್ತೀನಿ.

ಇದಕ್ಕೊಂದು ಕಾರಣ ಇದೆ. ಓಟದ ಬಗ್ಗೆ ಆಸಕ್ತಿ ಇರುವವರ ಹತ್ತಿರ ಮೆನ್ನೆಯಾ ಹೆಸರು ಎತ್ತಿದರೆ ಎರಡು ಮಾತು ಬಂದೇ ಬರುತ್ತವೆ. ಒಂದು, ಅವರ ವಿಶ್ವದಾಖಲೆ ಮೆಕ್ಸಿಕೋದ ತೆಳು ಗಾಳಿಯ ಪುಣ್ಯ. ಇನ್ನೊಂದು, ಮಾಸ್ಕೋಗೆ ಅಮೆರಿಕದವರು ಬಂದಿರಲಿಲ್ಲ, ಹಾಗಾಗಿ ಚಿನ್ನ ಸಿಕ್ಕಿತು. ಎರಡರಲ್ಲೂ ಸ್ವಲ್ಪ ಸತ್ಯ ಇದೆ. ಆದರೆ ಅಷ್ಟಕ್ಕೇ ಅವರನ್ನು ತಳ್ಳಿಹಾಕುವುದು ತಪ್ಪು ಅಂತ ನನಗೆ ಗಟ್ಟಿಯಾಗಿ ಅನ್ನಿಸುತ್ತದೆ.

ಮೆನ್ನೆಯಾ ಹುಟ್ಟಿದ್ದು 1952ರ ಜೂನ್ 28ರಂದು, ಬಾರ್ಲೆಟ್ಟಾದಲ್ಲಿ. ಇಟಲಿಯ ನಕ್ಷೆ ಬೂಟಿನ ಹಾಗಿದೆ ಅಲ್ವಾ, ಅದರ ಹಿಮ್ಮಡಿಯಿಂದ ಸ್ವಲ್ಪ ಮೇಲೆ, ಏಡ್ರಿಯಾಟಿಕ್ ಸಮುದ್ರದ ದಂಡೆಯಲ್ಲಿರುವ ಊರು ಅದು. ಅಪ್ಪ ಟೈಲರ್. ಹುಡುಗ ಸಣಕಲ. ಊರಿನ ರಸ್ತೆಯಲ್ಲಿ ಕಾರುಗಳ ಜೊತೆ ಪಂದ್ಯ ಕಟ್ಟಿ 50 ಮೀಟರ್ ಓಡುತ್ತಿದ್ದ, ಗೆದ್ದರೆ 500 ಲೀರಾ ಸಿಗುತ್ತಿತ್ತು, ಅದು ಸಿನಿಮಾ ಟಿಕೆಟ್‌ಗೋ ತಿಂಡಿಗೋ ಹೋಗುತ್ತಿತ್ತು ಅನ್ನುವ ಕಥೆ ಅಲ್ಲಿ ಎಲ್ಲರಿಗೂ ಗೊತ್ತು. ಇಟಲಿಯಲ್ಲಿ ದಕ್ಷಿಣ ಅಂದರೆ ಬಡತನ, ಉತ್ತರ ಅಂದರೆ ಕಾರ್ಖಾನೆ ಮತ್ತು ಹಣ. ಅವರಿಗಿಂತ ಮೊದಲು 200 ಮೀಟರ್‌ನಲ್ಲಿ ಒಲಿಂಪಿಕ್ ಚಿನ್ನ ಗೆದ್ದಿದ್ದ ಲಿವಿಯೊ ಬೆರುಟಿ ಉತ್ತರದ ಟುರಿನ್‌ನವರು. 1960ರಲ್ಲಿ ರೋಮ್‌ನಲ್ಲಿ ಕಪ್ಪು ಕನ್ನಡಕ ಹಾಕಿಕೊಂಡು ಓಡಿದವರು. ಅದಕ್ಕೇ ಮೆನ್ನೆಯಾಗೆ 'ದಕ್ಷಿಣದ ಬಾಣ' ಅಂತ ಹೆಸರು ಬಂದಾಗ ದಕ್ಷಿಣದ ಜನ ಅದನ್ನು ಎದೆಗೆ ಅಪ್ಪಿಕೊಂಡರು.

ಅವರನ್ನು ತಿದ್ದಿ ಬೆಳೆಸಿದವರು ಕೋಚ್ ಕಾರ್ಲೊ ವಿಟ್ಟೋರಿ. ತರಬೇತಿ ನಡೆದದ್ದು ರೋಮ್ ಮತ್ತು ನೇಪಲ್ಸ್ ನಡುವೆ ಸಮುದ್ರದ ಪಕ್ಕದಲ್ಲಿರುವ ಫೋರ್ಮಿಯಾದಲ್ಲಿ. ವಿಟ್ಟೋರಿ ಮಾಡಿಸುತ್ತಿದ್ದ ಕೆಲಸ ಬಹಳ ಜಾಸ್ತಿ. ಒಂದು ಓಟ, ಸ್ವಲ್ಪ ಉಸಿರು, ಮತ್ತೆ ಓಟ, ಮತ್ತೆ ಮತ್ತೆ, ಹಬ್ಬದ ದಿನವೂ ಬಿಡುವಿಲ್ಲ. ಸ್ಪ್ರಿಂಟರ್‌ಗಳು ಹುಟ್ಟುತ್ತಾರೆ, ಅವರನ್ನು ತಯಾರು ಮಾಡಲು ಆಗುವುದಿಲ್ಲ ಅಂತ ಹೇಳುವವರು ಮೆನ್ನೆಯಾ ಅವರನ್ನು ನೋಡಬೇಕು. ಮೈಕಟ್ಟು ದೊಡ್ಡದಲ್ಲ, ಸ್ಟಾರ್ಟ್ ಅಂಥ ಚುರುಕಲ್ಲ. ಕೊನೆಯ 60-70 ಮೀಟರ್‌ನಲ್ಲಿ ಉಳಿದವರ ಕಾಲು ಸೋಲುವಾಗ ಇವರ ಕಾಲು ಸೋಲುತ್ತಿರಲಿಲ್ಲ. ಆ ಶಕ್ತಿ ಬಂದದ್ದು ಫೋರ್ಮಿಯಾದ ಟ್ರ್ಯಾಕ್‌ನಿಂದ.

1972ರಲ್ಲಿ ಮ್ಯೂನಿಕ್ ಒಲಿಂಪಿಕ್ಸ್‌ನ 200 ಮೀಟರ್‌ನಲ್ಲಿ ಇಪ್ಪತ್ತನೇ ವಯಸ್ಸಿಗೆ ಕಂಚು ಬಂತು. ಚಿನ್ನ ಸೋವಿಯತ್ ಒಕ್ಕೂಟದ ವಲೇರಿ ಬೊರ್ಜೋವ್‌ಗೆ. 1974ರಲ್ಲಿ ರೋಮ್‌ನಲ್ಲಿ ಯುರೋಪಿಯನ್ ಚಾಂಪಿಯನ್ ಆದರು. 1976ರ ಮಾಂಟ್ರಿಯಲ್‌ನಲ್ಲಿ ನಾಲ್ಕನೇ ಜಾಗ, ಕೈಗೆ ಏನೂ ಸಿಗಲಿಲ್ಲ. 1978ರಲ್ಲಿ ಪ್ರಾಗ್‌ನ ಯುರೋಪಿಯನ್ ಚಾಂಪಿಯನ್‌ಷಿಪ್‌ನಲ್ಲಿ 100 ಮತ್ತು 200 ಎರಡನ್ನೂ ಗೆದ್ದರು.

ಈಗ ಮೆಕ್ಸಿಕೋ ವಿಷಯಕ್ಕೆ ಬರೋಣ. 1979ರ ಸೆಪ್ಟೆಂಬರ್ 12. ಮೆಕ್ಸಿಕೋ ಸಿಟಿಯಲ್ಲಿ ವಿಶ್ವವಿದ್ಯಾಲಯಗಳ ಕ್ರೀಡಾಕೂಟ. ಮೆನ್ನೆಯಾ ಅಲ್ಲಿಗೆ ಹೋದದ್ದು ರಾಜ್ಯಶಾಸ್ತ್ರದ ವಿದ್ಯಾರ್ಥಿಯಾಗಿ, 27ನೇ ವಯಸ್ಸಿನಲ್ಲಿ. 1968ರ ಒಲಿಂಪಿಕ್ಸ್ ನಡೆದ ಅದೇ ಸ್ಟೇಡಿಯಂ, ಅಮೆರಿಕದ ಟಾಮಿ ಸ್ಮಿತ್ 200 ಮೀಟರನ್ನು ವಿಶ್ವದಾಖಲೆಯ 19.83ರಲ್ಲಿ ಓಡಿ, ವರ್ಣಭೇದದ ವಿರುದ್ಧ ಪದಕದ ಮೆಟ್ಟಿಲ ಮೇಲೆ ಕಪ್ಪು ಕೈಗವಸು ತೊಟ್ಟ ಮುಷ್ಟಿ ಎತ್ತಿದ ಜಾಗ. ಮೆನ್ನೆಯಾ ಓಡಿದ್ದು 19.72. ಲೆಕ್ಕ ಹಾಕಿದರೆ ಗಂಟೆಗೆ ಸರಾಸರಿ 36 ಕಿಲೋಮೀಟರ್‌ಗಿಂತ ಜಾಸ್ತಿ, ಅದೂ ನಿಂತ ಜಾಗದಿಂದ ಹೊರಟು, ತಿರುವು ಸೇರಿಸಿ.

ಗಾಳಿ ಸಹಾಯ ಮಾಡಿತಾ? ಮಾಡಿತು. ಆ ಊರು ಸಮುದ್ರಮಟ್ಟದಿಂದ 2,200 ಮೀಟರ್‌ಗಿಂತ ಎತ್ತರದಲ್ಲಿದೆ. ಅಲ್ಲಿ ಗಾಳಿ ತೆಳು, ಎದೆಗೆ ತಡೆ ಕಡಿಮೆ. ಜೊತೆಗೆ ಹಿಂದಿನಿಂದ ಸೆಕೆಂಡಿಗೆ 1.8 ಮೀಟರ್ ವೇಗದ ಗಾಳಿಯೂ ಇತ್ತು, ನಿಯಮದ ಮಿತಿ 2 ಮೀಟರ್. ಆದರೆ ಸ್ಮಿತ್ ಅವರ ದಾಖಲೆ ಬಂದದ್ದೂ ಅದೇ ಎತ್ತರದಲ್ಲಿ, ಅದೇ ಸ್ಟೇಡಿಯಂನಲ್ಲಿ ಅಲ್ವಾ! ಉದ್ದಜಿಗಿತದಲ್ಲಿ ಬಾಬ್ ಬೀಮನ್ 8.90 ಮೀಟರ್ ಹಾರಿ ವಿಶ್ವದಾಖಲೆ ಮಾಡಿದ್ದೂ ಅಲ್ಲೇ. ಅವರ ವಿಷಯದಲ್ಲಿ ಗಾಳಿಯ ಮಾತು ಒಂದು ಅಡಿಟಿಪ್ಪಣಿಯಾಗಿ ಬರುತ್ತದೆ, ಮೆನ್ನೆಯಾ ವಿಷಯದಲ್ಲಿ ಮಾತ್ರ ಅದೇ ಪೂರ್ತಿ ಕಥೆಯಾಗಿಬಿಡುತ್ತದೆ. ಇದು ನನಗೆ ಸರಿ ಕಾಣುವುದಿಲ್ಲ. ಸಮುದ್ರಮಟ್ಟದಲ್ಲಿ ಇವರು ಎಷ್ಟು ಓಡಿದ್ದರು ಅಂತ ಯಾರಿಗಾದರೂ ಅನುಮಾನ ಇದ್ದರೆ 1980ರ ಆಗಸ್ಟ್ 17 ನೋಡಿ. ಮಾಸ್ಕೋ ಮುಗಿದು ಮೂರು ವಾರವೂ ಆಗಿರಲಿಲ್ಲ. ಸ್ವಂತ ಊರು ಬಾರ್ಲೆಟ್ಟಾದಲ್ಲಿ, ಸಮುದ್ರದ ಪಕ್ಕದಲ್ಲೇ, 19.96.

ಇನ್ನು ಮಾಸ್ಕೋ. ಅಫ್ಘಾನಿಸ್ತಾನಕ್ಕೆ ಸೋವಿಯತ್ ಸೇನೆ ನುಗ್ಗಿದ್ದಕ್ಕೆ ಅಮೆರಿಕ ಬಹಿಷ್ಕಾರ ಹಾಕಿತ್ತು. ಇಟಲಿಯ ಸರ್ಕಾರವೂ ಬಹಿಷ್ಕಾರದ ಪರ ಇತ್ತು. ಸೇನೆಯ ಕೆಲಸದಲ್ಲಿದ್ದ ಕ್ರೀಡಾಪಟುಗಳನ್ನು ಕಳಿಸಲಿಲ್ಲ, ಹೋದವರು ಇಟಲಿಯ ಧ್ವಜದ ಬದಲು ಒಲಿಂಪಿಕ್ ಧ್ವಜದ ಕೆಳಗೆ ಓಡಿದರು. ಮೆನ್ನೆಯಾ 100 ಮೀಟರ್ ಸೆಮಿಫೈನಲ್‌ನಲ್ಲೇ ಸೋತರು. ಮನಸ್ಸು ಕುಗ್ಗಿರಲೇಬೇಕು. ಅದಾದ ಮೇಲೆ 200ರ ಫೈನಲ್‌ನಲ್ಲಿ ಬಂದದ್ದು ಎಂಟನೇ ಲೇನ್.

ಟ್ರ್ಯಾಕ್‌ನಲ್ಲಿ ಓಡಿದವರಿಗೆ ಎಂಟನೇ ಲೇನ್ ಅಂದರೆ ಏನು ಅಂತ ಗೊತ್ತು. ಹೊರಗಿನ ಲೇನಿನ ತಿರುವು ಉದ್ದ, ಅದನ್ನು ಸರಿದೂಗಿಸಲು ಅಲ್ಲಿರುವವರನ್ನು ಎಲ್ಲರಿಗಿಂತ ಮುಂದೆ ನಿಲ್ಲಿಸುತ್ತಾರೆ. ಮುಂದೆ ಯಾರೂ ಕಾಣುವುದಿಲ್ಲ. ಎಷ್ಟು ಜೋರಾಗಿ ಓಡಬೇಕು ಅಂತ ಅಳೆಯಲು ಎದುರಿಗೆ ಒಬ್ಬರ ಬೆನ್ನೂ ಇಲ್ಲ. ಪಕ್ಕದ ಏಳನೇ ಲೇನಿನಲ್ಲಿ ಇದ್ದವರು ಸ್ಕಾಟ್ಲೆಂಡಿನ ಅಲನ್ ವೆಲ್ಸ್, ಕೆಲವೇ ದಿನಗಳ ಹಿಂದೆ 100 ಮೀಟರ್ ಚಿನ್ನ ಗೆದ್ದವರು. ಗುಂಡು ಹಾರಿತು. ವೆಲ್ಸ್ ತಿರುವಿನಲ್ಲೇ ಮೆನ್ನೆಯಾ ಅವರನ್ನು ಹಿಡಿದು ದಾಟಿಬಿಟ್ಟರು. ನೇರ ಟ್ರ್ಯಾಕಿಗೆ ಬರುವ ಹೊತ್ತಿಗೆ ಕಥೆ ಮುಗಿಯಿತು ಅನ್ನಿಸುವಷ್ಟು ದೂರ. ಆಮೇಲೆ ಆ ಸಣಕಲ ಮನುಷ್ಯ ಒಂದೊಂದೇ ಹೆಜ್ಜೆಯಲ್ಲಿ ಆ ದೂರವನ್ನು ತಿಂದುಹಾಕುತ್ತಾ ಬಂದರು, ಕೊನೆಯ ಕೆಲವೇ ಮೀಟರ್‌ಗಳಲ್ಲಿ ಒಂದು ಗೇಣು ಮುಂದೆ ಹೋದರು. ಗೆದ್ದ ಮೇಲೆ ತೋರುಬೆರಳು ಮೇಲೆತ್ತಿ ಓಡುತ್ತಲೇ ಇದ್ದರು.

ಅಮೆರಿಕದವರು ಇರಲಿಲ್ಲ, ನಿಜ. ಆದರೆ ಹಿಂದೆ ಬಿದ್ದವರು ಯಾರು ಅಂತಲೂ ನೋಡಬೇಕು. ಬೆಳ್ಳಿ 100 ಮೀಟರ್ ಚಾಂಪಿಯನ್ ವೆಲ್ಸ್‌ಗೆ. ಕಂಚು ಜಮೈಕಾದ ಡಾನ್ ಕ್ವಾರಿಗೆ, ಮಾಂಟ್ರಿಯಲ್‌ನಲ್ಲಿ ಇದೇ 200 ಮೀಟರ್ ಚಿನ್ನ ಗೆದ್ದಿದ್ದವರು. ಇದಕ್ಕಿಂತ ಏನು ಬೇಕು?

ಅಲ್ಲಿಂದ ಮುಂದೆ ನಿವೃತ್ತಿ ಅಂದರು, ಮತ್ತೆ ಬಂದರು. 1983ರ ಮೊದಲ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಹೆಲ್ಸಿಂಕಿಯಲ್ಲಿ 200ರಲ್ಲಿ ಕಂಚು, ರಿಲೇಯಲ್ಲಿ ಬೆಳ್ಳಿ. 1984ರ ಲಾಸ್ ಏಂಜಲೀಸ್‌ನಲ್ಲಿ, ನಮ್ಮ ಪಿ.ಟಿ. ಉಷಾ ಸೆಕೆಂಡಿನ ನೂರರಲ್ಲೊಂದು ಭಾಗದಿಂದ ಕಂಚು ಕಳೆದುಕೊಂಡ ಅದೇ ಕೂಟದಲ್ಲಿ, ಏಳನೆಯವರಾದರು. ಏಳನೇ ಜಾಗ ಅಂತ ಸುಮ್ನೆ ದಾಟಿ ಹೋಗಬೇಡಿ. ಸತತ ನಾಲ್ಕು ಒಲಿಂಪಿಕ್ಸ್‌ಗಳಲ್ಲಿ 200ರ ಫೈನಲ್ ತಲುಪಿದ ಮೊದಲ ಮನುಷ್ಯ ಇವರು. 1988ರಲ್ಲಿ ಸೋಲ್‌ಗೂ ಹೋದರು, ಇಟಲಿಯ ಧ್ವಜ ಹಿಡಿದು ತಂಡದ ಮುಂದೆ ನಡೆದರು. ಮಾಸ್ಕೋದಲ್ಲಿ ತಮ್ಮ ದೇಶದ ಧ್ವಜ ಇಲ್ಲದೆ ಗೆದ್ದವರ ಕೈಗೆ ಕೊನೆಗೂ ಅದು ಬಂತು. ನನಗೆ ಇದು ತುಂಬಾ ಇಷ್ಟವಾದ ಚಿತ್ರ.

ಓಟ ನಿಂತರೂ ಓದು ನಿಲ್ಲಲಿಲ್ಲ. ಒಟ್ಟು ನಾಲ್ಕು ಪದವಿ, ವಕೀಲಿ ಕೆಲಸ, 1999ರಿಂದ 2004ರವರೆಗೆ ಯುರೋಪಿಯನ್ ಸಂಸತ್ತಿನಲ್ಲಿ ಸದಸ್ಯತ್ವ. 2013ರ ಮಾರ್ಚ್ 21ರಂದು ರೋಮ್‌ನಲ್ಲಿ ಕ್ಯಾನ್ಸರ್‌ನಿಂದ ತೀರಿಕೊಂಡರು, ಬರೀ 60 ವರ್ಷ.

19.72 ವಿಶ್ವದಾಖಲೆಯಾಗಿ ಹದಿನಾರು ವರ್ಷ ದಾಟಿ ಉಳಿಯಿತು, 1996ರ ಜೂನ್‌ನಲ್ಲಿ ಮೈಕೆಲ್ ಜಾನ್ಸನ್ 19.66 ಓಡುವವರೆಗೆ. ಇಟಲಿಯ 100 ಮೀಟರ್ ದಾಖಲೆ 10.01 ಕೂಡ ಮೆನ್ನೆಯಾ ಅವರದೇ ಆಗಿತ್ತು, ಅದನ್ನು 2018ರಲ್ಲಿ ಫಿಲಿಪ್ಪೊ ಟೋರ್ಟು 9.99ರಲ್ಲಿ ಓಡಿ ಮುರಿದರು. ಆಮೇಲೆ ಟೋಕಿಯೊದಲ್ಲಿ ಮಾರ್ಸೆಲ್ ಜೇಕಬ್ಸ್ 9.80 ಓಡಿ ಚಿನ್ನವನ್ನೇ ತಂದರು. 200ರ ದಾಖಲೆ ಮಾತ್ರ ಇಟಲಿಯಲ್ಲೂ, ಇಡೀ ಯುರೋಪ್‌ನಲ್ಲೂ ಇನ್ನೂ ಮೆನ್ನೆಯಾ ಹೆಸರಲ್ಲೇ ಇದೆ.

ಈಗ ಮಾಸ್ಕೋ ಫೈನಲ್‌ನ ವಿಡಿಯೊ ಹಾಕ್ತೀನಿ. ಕಾಮೆಂಟರಿ ಇಟಾಲಿಯನ್‌ನಲ್ಲಿದೆ, ಪಾವೊಲೊ ರೋಸಿ ಅವರದು. ಕೊನೆಯಲ್ಲಿ 'ರೆಕೂಪೆರಾ, ರೆಕೂಪೆರಾ' ಅಂತ ಕೂಗುತ್ತಾರೆ. ಹಿಂದೆ ಬಿದ್ದದ್ದನ್ನು ಮತ್ತೆ ಹಿಡಿಯುತ್ತಿದ್ದಾನೆ ಅಂತ ಅರ್ಥ. ತಿರುವಿನಲ್ಲಿ ವೆಲ್ಸ್ ಕಡೆಗೇ ಕಣ್ಣು ಹೋಗುತ್ತದೆ. ಎಂಟನೇ ಲೇನ್ ಬಿಡಬೇಡಿ.